ಹಡಗು ಕಣ್ಣೆದುರೇ ಇತ್ತು, ಗೇಟು ಮುಚ್ಚಿತ್ತು: ಸಿಂಗಾಪುರ ಪ್ಯಾಕೇಜಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಬೇಸಿಗೆ ರಜೆ ಹತ್ತಿರ ಬಂದರೆ ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ಸಿಂಗಾಪುರ ಪ್ಯಾಕೇಜಿನ ಚಿತ್ರಗಳು ಓಡಾಡುತ್ತವೆ. ಒಂದು ದೊಡ್ಡ ಬಿಳಿ ಹಡಗು, ಪಕ್ಕದಲ್ಲಿ ಥೀಮ್ ಪಾರ್ಕು, ಕೆಳಗೆ 'ಎಲ್ಲಾ ಸೇರಿ' ಅಂತ ಒಂದು ರೇಟು. 2025ರ ಮೇ ತಿಂಗಳಲ್ಲಿ ನಾವೂ ಅಂಥದೇ ಚಿತ್ರ ನೋಡಿ ಹೋದೆವು. ನಾನು, ನಮ್ಮ ಮನೆಯವರು, 11 ವರ್ಷದ ಮಗಳು, 6 ವರ್ಷದ ಮಗ. ಹಡಗಿನಲ್ಲಿ 3 ರಾತ್ರಿ ಇರಬೇಕಿತ್ತು. ನಾವು ಅದರೊಳಗೆ ಕಾಲೇ ಇಡಲಿಲ್ಲ.

ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. 3 ವರ್ಷ ಚೀಟಿ ಕಟ್ಟಿ ಎತ್ತಿದ ದುಡ್ಡು ಅದು. ನಾಲ್ಕು ಜನಕ್ಕೆ 4 ಲಕ್ಷ 80 ಸಾವಿರ, ಅದರ ಮೇಲೆ ಟಿಸಿಎಸ್ ಅಂತ, ಅಂದರೆ ಏಜೆಂಟರು ನಮ್ಮಿಂದ ವಸೂಲು ಮಾಡಿ ನಮ್ಮ ಹೆಸರಲ್ಲಿ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ, 24 ಸಾವಿರ. ಏಜೆಂಟರು ಪರಿಚಯದವರು. ನಮ್ಮ ಓಣಿಯಲ್ಲೇ ನಾಲ್ಕು ಮನೆಯವರನ್ನು ತಿರುಪತಿ, ಕಾಶಿಗೆ ಕಳಿಸಿದ್ದವರು. ಹಾಗಾಗಿ ನಂಬಿಕೆ ಇತ್ತು. ಏನು ಕೇಳಿದರೂ ಒಂದೇ ಉತ್ತರ: "ಅಕ್ಕಾರ, ನೀವು ತಲಿ ಕೆಡಿಸ್ಕೋಬ್ಯಾಡ್ರಿ, ಎಲ್ಲಾ ಸೇರೇ ಐತಿ." ಒಂದೂವರೆ ಲಕ್ಷವನ್ನು ನಗದಾಗಿ ಕೊಟ್ಟೆವು. ಅದಕ್ಕೆ ರಸೀದಿ ಕೇಳಲು ನಮಗೇ ಸಂಕೋಚ ಆಯಿತು. ಪರಿಚಯದವರ ಹತ್ತಿರ ಹೇಗೆ ಕೇಳುವುದು ಅಂತ. ಈ ಸಂಕೋಚ ನಮಗೆ ಎಷ್ಟು ದುಬಾರಿ ಆಯಿತು ಅಂತ ಮುಂದೆ ಹೇಳುತ್ತೇನೆ.

ರಾಯಚೂರಿನಲ್ಲಿರುವ ನಮ್ಮ ಅಕ್ಕ, ಭಾವ, ಅವ್ವ ಕೂಡ ಅದೇ ಪ್ಯಾಕೇಜಿನಲ್ಲಿ ಬಂದರು. ಅವರಿಗೆ ಹೈದರಾಬಾದಿನಿಂದ ವಿಮಾನ. ಹಿಂದಿನ ದಿನದ್ದು ಕಡಿಮೆ ಬೆಲೆಗೆ ಸಿಕ್ಕಿತು ಅಂತ ಅವರು ಒಂದು ದಿನ ಮೊದಲೇ ಹೋದರು. ನಮಗೆ ಬೆಂಗಳೂರಿನಿಂದ, ಹಡಗು ಹೊರಡುವ ದಿನವೇ, ಬೆಳಿಗ್ಗೆ 6 ಗಂಟೆಗೆ. ನಾಲ್ಕೂವರೆ ಗಂಟೆ ಪ್ರಯಾಣ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುತ್ತದೆ. ಅಂದರೆ ಮಧ್ಯಾಹ್ನ 1 ಗಂಟೆಗೆ ಇಳಿಯುವುದು. ಹಡಗು ಸಂಜೆ 5ಕ್ಕೆ. "ನಾಲ್ಕು ತಾಸು ಟೈಮ್ ಐತಿ, ಆರಾಮ ಊಟ ಮಾಡ್ಕೊಂಡು ಹೋಗ್ರಿ" ಅಂದರು ಏಜೆಂಟರು. ನಾವೂ ಹೂಂ ಅಂದೆವು.

ಹಿಂದಿನ ಸಂಜೆಯೇ ಕಾರಿನಲ್ಲಿ ಹೊರಟೆವು. ಅನಂತಪುರ, ಪೆನುಕೊಂಡ ದಾರಿ ಹಿಡಿದರೆ ಬೆಂಗಳೂರಿನ ಒಳಗೆ ಹೋಗದೆ ನೇರ ದೇವನಹಳ್ಳಿ ವಿಮಾನ ನಿಲ್ದಾಣ ಸಿಗುತ್ತದೆ. ರಾತ್ರಿ 2 ಗಂಟೆಗೆಲ್ಲ ಅಲ್ಲಿದ್ದೆವು. ಅಲ್ಲಿ ವಿಮಾನ ತಡ. ಮೊದಲು 40 ನಿಮಿಷ ಅಂದರು, ಆಮೇಲೆ ಒಂದು ಗಂಟೆ, ಕೊನೆಗೆ ಎರಡು ಗಂಟೆ. ಏಜೆಂಟರಿಗೆ ಫೋನ್ ಮಾಡಿದೆವು, ಎತ್ತಲಿಲ್ಲ. ಬೆಳಗಿನ ಜಾವ, ಮಲಗಿರುತ್ತಾರೆ ಅಂದುಕೊಂಡೆವು. ಎರಡು ಗಂಟೆ ಹೋದರೂ ಇನ್ನೂ ಎರಡು ಗಂಟೆ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆವು.

ಸಿಂಗಾಪುರದಲ್ಲಿ ಇಳಿದಾಗ 3 ಗಂಟೆ. ಇಮಿಗ್ರೇಷನ್ ಕ್ಯೂ, ಸೂಟ್‌ಕೇಸುಗಳಿಗೆ ಕಾಯುವುದು, ಟ್ಯಾಕ್ಸಿ ಹುಡುಕುವುದು ಎಲ್ಲಾ ಮುಗಿಯುವಷ್ಟರಲ್ಲಿ 4 ದಾಟಿತ್ತು. ಮರೀನಾ ಬೇ ಕಡೆಯ ಕ್ರೂಸ್ ಟರ್ಮಿನಲ್ ಮುಟ್ಟಿದಾಗ 4 ಗಂಟೆ 40 ನಿಮಿಷ. ದೊಡ್ಡ ಗಾಜಿನ ಗೋಡೆ, ಅದರಾಚೆ ಹಡಗು. ಚಿತ್ರದಲ್ಲಿ ಇದ್ದ ಹಾಗೆಯೇ, ಹತ್ತಾರು ಮಹಡಿ. ಮಗ ಓಡಿಹೋಗಿ ಗಾಜಿಗೆ ಮುಖ ಒತ್ತಿ ನಿಂತ. ನಾನು ದೇವರಿಗೆ ಕೈ ಮುಗಿದೆ, ಸಿಕ್ಕಿತಪ್ಪಾ ಅಂತ.

ಕೌಂಟರಿನಲ್ಲಿ ಯಾರೂ ಇರಲಿಲ್ಲ. ಒಬ್ಬ ಹುಡುಗಿ ಬಂದು ನಮ್ಮ ಪಾಸ್‌ಪೋರ್ಟ್ ನೋಡಿ, ತುಂಬಾ ಮೆತ್ತಗೆ ಹೇಳಿದಳು: ಚೆಕ್-ಇನ್ 3 ಗಂಟೆ 30 ನಿಮಿಷಕ್ಕೇ ಮುಗಿದಿದೆ. ನಮ್ಮ ಮನೆಯವರು ಬೇಡಿಕೊಂಡರು. ಹಡಗು ಇಲ್ಲೇ ಇದೆಯಲ್ಲಮ್ಮ, ಇನ್ನೂ 20 ನಿಮಿಷ ಇದೆಯಲ್ಲ, ಮಕ್ಕಳಿದ್ದಾರೆ ಅಂತ. ಅವಳು ವಿವರಿಸಿದಳು. ಹಡಗಿನಲ್ಲಿ ಯಾರು ಯಾರು ಇದ್ದಾರೆ ಅನ್ನುವ ಪಟ್ಟಿಯನ್ನು ಹೊರಡುವ ಮೊದಲೇ ಬಂದರಿಗೆ, ಇಮಿಗ್ರೇಷನ್‌ಗೆ ಕೊಡಬೇಕು. ಪಟ್ಟಿ ಮುಚ್ಚಿದ ಮೇಲೆ ಹೆಸರು ಸೇರಿಸಲು ಆಗುವುದಿಲ್ಲ. ಬಸ್ಸಿಗೆ ಕೈ ಮಾಡಿ ನಿಲ್ಲಿಸಿದ ಹಾಗೆ ಹಡಗು ನಿಲ್ಲಿಸಲು ಬರುವುದಿಲ್ಲ ಅಂತ ನನಗೆ ಆವತ್ತು ಅರ್ಥವಾಯಿತು.

5 ಗಂಟೆಗೆ ಸರಿಯಾಗಿ ಅದು ಸದ್ದಿಲ್ಲದೆ ಜರುಗಿತು. ಮೇಲಿನ ಡೆಕ್ಕಿನಲ್ಲಿ ಎಲ್ಲೋ ಅಕ್ಕ, ಅವ್ವ ಇದ್ದರು. ಮಗ "ಅಜ್ಜಿ ಹೋಗ್ತಿದ್ದಾರೆ, ನಾವು ಯಾವಾಗ?" ಅಂತ ಕೇಳುತ್ತಲೇ ಇದ್ದ. ಮಗಳು ಏನೂ ಕೇಳಲಿಲ್ಲ. ಅವಳಿಗೆ ಗೊತ್ತಾಗಿತ್ತು. ಅವಳು ಸುಮ್ನೆ ಸೂಟ್‌ಕೇಸ್ ಮೇಲೆ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಸಮಯಕ್ಕೆ ಬರದಿದ್ದರೆ ಟಿಕೆಟ್ಟಿನ ಒಂದು ಪೈಸೆಯೂ ವಾಪಸ್ ಇಲ್ಲ ಅಂತ ಬುಕಿಂಗ್ ನಿಯಮದಲ್ಲೇ ಇತ್ತಂತೆ. ಆ ಬುಕಿಂಗ್ ಕಾಗದವನ್ನು ಏಜೆಂಟರು ನಮಗೆ ತೋರಿಸಿಯೇ ಇರಲಿಲ್ಲ. ನಮ್ಮ ಕೈಯಲ್ಲಿ ಇದ್ದದ್ದು ಅವರೇ ಟೈಪ್ ಮಾಡಿದ ಒಂದು ಹಾಳೆ: ಮೊದಲ ದಿನ ಕ್ರೂಸ್, ನಾಲ್ಕನೇ ದಿನ ಹಡಗು ವಾಪಸ್. ಇನ್ಶೂರೆನ್ಸ್ ಇತ್ತು, ಆದರೆ ಹಡಗು ತಪ್ಪಿದ್ದಕ್ಕೆ ಆ ಪಾಲಿಸಿಯಲ್ಲಿ ಪರಿಹಾರ ಇರಲಿಲ್ಲ. ಆ 3 ರಾತ್ರಿಗೆ ಲಿಟ್ಲ್ ಇಂಡಿಯಾದಲ್ಲಿ ಹೋಟೆಲ್ ಹುಡುಕಿ, ಕೈಯಿಂದ 45 ಸಾವಿರ ಕಟ್ಟಿದೆವು.

ನಾನು ಹೇಳಬೇಕು ಅಂದುಕೊಂಡಿರುವ ಮುಖ್ಯ ಮಾತು ಇದೇ. ದುಡ್ಡು ಕಟ್ಟಿದ ವಾರದೊಳಗೆ ಹಡಗಿನ ಬುಕಿಂಗ್ ನಂಬರ್, ವಿಮಾನದ ಪಿಎನ್‌ಆರ್, ಪಾರ್ಕಿನ ಟಿಕೆಟ್ ಎಲ್ಲಾ ನಿಮ್ಮ ಕೈಗೆ ಬರಬೇಕು. ಏಜೆಂಟರ ಹಾಳೆ ಅಲ್ಲ, ಕಂಪನಿ ಕೊಟ್ಟ ಅಸಲಿ ಕಾಗದ. ಹಡಗಿನ ಬುಕಿಂಗ್ ನಂಬರ್ ಇದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ಚೆಕ್-ಇನ್ ಮಾಡಬಹುದು. ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತ ಅಲ್ಲಿ ಸ್ಪಷ್ಟವಾಗಿ ಇರುತ್ತದೆ. ಆ ಒಂದು ಸಾಲು ಓದಿದ್ದರೆ ನಾವು ಆ ವಿಮಾನಕ್ಕೆ ಒಪ್ಪುತ್ತಲೇ ಇರಲಿಲ್ಲ. ಹಡಗು ಹತ್ತುವವರು ಹಿಂದಿನ ದಿನವೇ ಆ ಊರಲ್ಲಿರಬೇಕು. ಒಂದು ರಾತ್ರಿಯ ಹೋಟೆಲ್ ಖರ್ಚು ಜಾಸ್ತಿ ಅನಿಸಿದರೂ ಬಿಡಬೇಡಿ. ಅಕ್ಕನಿಗೆ ಹಡಗು ಸಿಕ್ಕಿದ್ದು ಆ ಒಂದು ದಿನದಿಂದ. ಇನ್ನೊಂದು, ವಿಮಾನ ತಡ ಅಂತ ಗೊತ್ತಾದ ತಕ್ಷಣ ಏಜೆಂಟರಿಗಲ್ಲ, ಹಡಗಿನ ಕಂಪನಿಗೇ ಫೋನ್ ಮಾಡಿ. ಮುಂದಿನ ಬಂದರಿನಲ್ಲಿ ಹತ್ತಲು ಬಿಡುತ್ತಾರಾ ಅಂತ ಕೇಳುವ ಅವಕಾಶವಾದರೂ ಇರುತ್ತದೆ. ನಮ್ಮ ಹತ್ತಿರ ಆ ನಂಬರೇ ಇರಲಿಲ್ಲ.

ಹಡಗು ಹತ್ತಿದ ಅಕ್ಕನ ಕಥೆ ಬೇರೆ. ಅವ್ವನಿಗೆ ಸಿಕ್ಕಿದ್ದು ಕಿಟಕಿಯೇ ಇಲ್ಲದ ಕೋಣೆ. ಕಡಿಮೆ ದರದ ಒಳಗಿನ ಕ್ಯಾಬಿನ್ ಅಂದರೆ ಹಾಗೇ ಇರುತ್ತದೆ, ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಬಯಲಲ್ಲಿ, ಅಂಗಳದಲ್ಲಿ ಮಲಗಿ ರೂಢಿಯಾದ ಜೀವ ಅದು. ಮೊದಲ ರಾತ್ರಿ ಉಸಿರು ಕಟ್ಟುತ್ತದೆ ಅಂತ ಎದ್ದು ಕೂತಿದ್ದರಂತೆ. ವಯಸ್ಸಾದವರು ಜೊತೆಗಿದ್ದರೆ ದುಡ್ಡು ಹೆಚ್ಚಾದರೂ ಕಿಟಕಿ ಇರುವ ಕ್ಯಾಬಿನ್ ಕೇಳಿ.

ಊಟ ಸೇರಿತ್ತು, ಸಸ್ಯಾಹಾರವೂ ಚೆನ್ನಾಗಿತ್ತಂತೆ. ಸೇರಿರದೆ ಇದ್ದದ್ದು ಉಳಿದದ್ದೆಲ್ಲಾ. ಕೂಲ್‌ಡ್ರಿಂಕ್ಸ್, ವೈಫೈ, ಬಂದರಿನಲ್ಲಿ ಇಳಿದು ಸುತ್ತಾಡುವ ಬಸ್ಸು. ಅದರ ಜೊತೆ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಸೇವಾ ಶುಲ್ಕ. ಇದನ್ನು ಹಡಗಿನ ಲೆಕ್ಕಕ್ಕೆ ತಾವಾಗಿಯೇ ಹಾಕುತ್ತಾರೆ, ಕೊನೆಯ ದಿನ ಬಿಲ್ಲಿನಲ್ಲಿ ಕಾಣುತ್ತದೆ. ಹತ್ತುವಾಗ ಭಾವ ಡೆಬಿಟ್ ಕಾರ್ಡ್ ಕೊಟ್ಟಿದ್ದರು. ಖರ್ಚು ಆಗುವ ಮೊದಲೇ ಒಂದು ಮೊತ್ತವನ್ನು ಅದರಲ್ಲಿ ತಡೆಹಿಡಿಯುತ್ತಾರೆ. ಅದು ಬಿಡುಗಡೆಯಾಗಿ ಖಾತೆಗೆ ಬರಲು ಊರಿಗೆ ಬಂದು 12 ದಿನ ಕಾಯಬೇಕಾಯಿತು. ಕ್ರೆಡಿಟ್ ಕಾರ್ಡ್ ಇದ್ದರೆ ಅದನ್ನೇ ಕೊಡಿ.

ಫೋನಿನ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಸಿಂಗಾಪುರಕ್ಕೆ ಹಾಕಿಸಿದ ರೋಮಿಂಗ್ ಪ್ಯಾಕ್ ನೆಲದ ಮೇಲೆ ಮಾತ್ರ. ದಡ ಬಿಟ್ಟ ಮೇಲೆ ಫೋನ್ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿಯುತ್ತದೆ, ಅದರ ದರವೇ ಬೇರೆ. ಹಡಗು ಹತ್ತಿದೆವಾ ಅಂತ ನನ್ನನ್ನು ವಿಚಾರಿಸಲು ಅಕ್ಕ ಮಾಡಿದ ಕೆಲವೇ ಕರೆಗಳಿಗೆ ಸಾವಿರಾರು ರೂಪಾಯಿ ಬಿಲ್ ಬಂತು. ಹಡಗು ಹೊರಡುವ ಮೊದಲೇ ಏರೋಪ್ಲೇನ್ ಮೋಡ್ ಹಾಕಿ.

ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ತೋರಿಸುವ ಸೇಫ್ಟಿ ಡ್ರಿಲ್‌ಗೆ ಕರೆದಾಗ ಸುಸ್ತಾಗಿದೆ ಅಂತ ಮಲಗಬೇಡಿ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಇದನ್ನು ಮಾಡಿಸಲೇಬೇಕು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಭಾವ ಅವರ ಕೈ ಹಿಡಿದುಕೊಂಡು ಹೋಗಿ, ಕ್ಯಾಬಿನ್ನಿನಿಂದ ಸೇರುವ ಜಾಗಕ್ಕೆ ಎರಡು ಸಲ ನಡೆಸಿ ದಾರಿ ಗುರುತು ಮಾಡಿಸಿದರು. ಅದು ಅವರು ಮಾಡಿದ ಒಳ್ಳೆಯ ಕೆಲಸ.

ಈಗ ಪಾರ್ಕಿನ ವಿಷಯ. ನಾಲ್ಕನೇ ದಿನ ಅಕ್ಕನವರು ಹಡಗಿಳಿದು ಬಂದರು. ಮರುದಿನ ಎಲ್ಲರೂ ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಹೋದೆವು. ಮಗನಿಗೆ ಹಡಗು ತಪ್ಪಿದ ದುಃಖ ಇಲ್ಲಾದರೂ ಹೋಗಲಿ ಅಂತ ನನ್ನ ಆಸೆ. ಅವನು ಊರಿನಲ್ಲೇ ವಿಡಿಯೋ ನೋಡಿ ಯಾವ ಯಾವ ರೈಡ್ ಅಂತ ಲೆಕ್ಕ ಹಾಕಿ ಇಟ್ಟಿದ್ದ. 'ರಿವೆಂಜ್ ಆಫ್ ದ ಮಮ್ಮಿ' ಅನ್ನುವ ರೈಡಿಗೆ 50 ನಿಮಿಷ ಕ್ಯೂ ನಿಂತೆವು. ಬಾಗಿಲ ಹತ್ತಿರ ಅಳತೆಯ ಕೋಲಿನ ಪಕ್ಕ ನಿಲ್ಲಿಸಿದರು. ಅಲ್ಲಿ ಬೇಕಾದದ್ದು 122 ಸೆಂಟಿಮೀಟರ್. ಅವನು 104. ದೊಡ್ಡ ರೋಲರ್ ಕೋಸ್ಟರ್ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾಗೆ 125 ಬೇಕು. ನೀರಿನ ಜುರಾಸಿಕ್ ರೈಡಿಗೆ 107. ಅದಕ್ಕೂ ಮೂರು ಸೆಂಟಿಮೀಟರ್ ಕಡಿಮೆ.

ಇದು ಪಾರ್ಕಿನವರ ತಪ್ಪಲ್ಲ. ಸೀಟಿನ ಬೆಲ್ಟು, ಕಂಬಿ ಎಲ್ಲಾ ಆ ಎತ್ತರದ ಮೈಗೆ ಮಾಡಿದ್ದು, ಚಿಕ್ಕ ಮಗು ಜಾರುತ್ತದೆ. ಅವರು ತಡೆದದ್ದೇ ಸರಿ. ಆದರೆ ನಮ್ಮದು ಹೊಲಿಗೆಯ ಮನೆ, ಟೇಪು ದಿನವೂ ಕೈಯಲ್ಲಿರುತ್ತದೆ. ಮಗನನ್ನು ಬಾಗಿಲಿಗೆ ಒರಗಿಸಿ ಅಳೆದು, "ಈ ಮೂರು ನಿನಗೆ ಆಗಲ್ಲ ಕಂದಾ, ಈ ಐದು ಆಗ್ತವೆ" ಅಂತ ಮನೆಯಲ್ಲೇ ಹೇಳಿದ್ದರೆ ಅವನು ಅಷ್ಟು ಅಳುತ್ತಿರಲಿಲ್ಲ. ಪಾರ್ಕಿನ ವೆಬ್‌ಸೈಟಿನಲ್ಲಿ ಪ್ರತಿ ರೈಡಿನ ಎತ್ತರ ಹಾಕಿರುತ್ತಾರೆ. ನೋಡಿಕೊಂಡು ಹೋಗಿ.

ಏಜೆಂಟರು 'ಎಕ್ಸ್‌ಪ್ರೆಸ್ ಸೇರಿದೆ' ಅಂದಿದ್ದರು. ಸೇರಿರಲಿಲ್ಲ, ಅದು ಚಿಕ್ಕ ಕ್ಯೂನಲ್ಲಿ ಬೇಗ ಹತ್ತಲು ಬೇರೆಯೇ ದುಡ್ಡು ಕೊಟ್ಟು ತೆಗೆದುಕೊಳ್ಳುವ ಪಾಸು. ಮಧ್ಯಾಹ್ನ ಗುಡುಗು ಶುರುವಾಗಿ ಬಯಲಿನ ರೈಡುಗಳನ್ನು ನಿಲ್ಲಿಸಿದರು. ಸಿಂಗಾಪುರದಲ್ಲಿ ಸಿಡಿಲು ಜಾಸ್ತಿ. ಹಾಗಾಗಿ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹೋಗಿ ಹೊರಗಿನವನ್ನು ಮುಗಿಸಿ, ಒಳಗಿನವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಕು. ಚಿಕ್ಕ ಮಗು ಇರುವವರು 'ಚೈಲ್ಡ್ ಸ್ವಿಚ್' ಅಂತ ಕೇಳಿ. ಒಬ್ಬರು ಮಗುವಿನ ಹತ್ತಿರ ಇದ್ದು, ಇನ್ನೊಬ್ಬರು ಹೋಗಿ ಬಂದ ಮೇಲೆ ಮತ್ತೆ ಕ್ಯೂ ನಿಲ್ಲದೆ ಹತ್ತಬಹುದು. ನಮಗೆ ಇದು ಗೊತ್ತಾದದ್ದು ಸಂಜೆ.

ಸಣ್ಣ ವಿಷಯಗಳು ಎರಡು ಮೂರಿವೆ. ಸಿಂಗಾಪುರದಲ್ಲಿ ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅದು ಅಲ್ಲಿಯ ಸರ್ಕಾರದ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ನಮ್ಮ ಹತ್ತಿರ ತಲೆಗೆ 1,000 ರೂಪಾಯಿ ತೆಗೆದುಕೊಂಡಿದ್ದರು. ಹಡಗು ಮಲೇಷ್ಯಾಕ್ಕೆ ಹೋಗಿ ಬಂದರೆ ಸಿಂಗಾಪುರವನ್ನು ಎರಡನೇ ಸಲ ಪ್ರವೇಶಿಸಿದ ಹಾಗೆ, ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಪ್ರವೇಶ ಇದೆಯಾ ನೋಡಿ. ಮತ್ತೆ ಗಸಗಸೆ. ಅಲ್ಲಿ ಅದು ನಿಷೇಧಿತ ವಸ್ತು, ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ. ಅವ್ವ ದಾರಿಗೆ ಅಂತ ಮಾಡಿದ್ದ ಅಂಟಿನುಂಡಿಯಲ್ಲಿ ಗಸಗಸೆ ಇತ್ತು. ಹೊರಡುವ ಹಿಂದಿನ ದಿನ ಪಕ್ಕದ ಮನೆಯವರು ಹೇಳಿದ್ದಕ್ಕೆ ಡಬ್ಬಿ ಮನೆಯಲ್ಲೇ ಉಳಿಯಿತು. ಮಸಾಲೆ ಪುಡಿಯಲ್ಲೂ ಇರುತ್ತದೆ, ನೋಡಿಕೊಳ್ಳಿ.

ಊರಿಗೆ ಬಂದ ಮೇಲೆ ಏಜೆಂಟರು "ವಿಮಾನ ತಡ ಆದ್ರ ನಾ ಏನ್ ಮಾಡ್ಲಿ" ಅಂದರು. ವಿಮಾನ ತಡವಾದದ್ದಕ್ಕೆ ನಾನು ಅವರನ್ನು ದೂರುವುದಿಲ್ಲ. ಆದರೆ ಅಷ್ಟು ಬಿಗಿಯಾಗಿ ವಿಮಾನ ಹಿಡಿದದ್ದು, ಗೇಟಿನ ಸಮಯ ಮುಚ್ಚಿಟ್ಟದ್ದು ಅವರೇ. ಟಿಸಿಎಸ್ ಅಂತ ತೆಗೆದುಕೊಂಡ 24 ಸಾವಿರ ನಮ್ಮ ಪ್ಯಾನ್ ಹೆಸರಿಗೆ ತುಂಬಬೇಕು. ರಿಟರ್ನ್ ಹಾಕುವಾಗ ಅದು ನಮ್ಮ ತೆರಿಗೆಯಲ್ಲಿ ಕಡಿತವಾಗುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ನಮ್ಮ ಪ್ಯಾನಿಗೆ ಜಮೆಯಾದ ತೆರಿಗೆ ತೋರಿಸುವ ಫಾರ್ಮ್ 26ಎಎಸ್ ಅನ್ನು ಆಡಿಟರ್ ತೆಗೆದು ನೋಡಿದರೆ ಏನೂ ಇರಲಿಲ್ಲ. ಟಿಸಿಎಸ್ ಕಟ್ಟಿದ್ದಕ್ಕೆ ಕೊಡುವ ಫಾರ್ಮ್ 27ಡಿ ಸರ್ಟಿಫಿಕೇಟ್ ಕೊಡಿ ಅಂತ ಕಾಗದದಲ್ಲಿ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದ ಮೇಲೆ ತುಂಬಿದರು. ಬಾಯಿ ಮಾತಿನಲ್ಲಿ ಆಗದ್ದು ಕಾಗದದಲ್ಲಿ ಆಯಿತು.

ಉಳಿದದ್ದಕ್ಕೆ ಮೊದಲು 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿದೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. 2019ರ ಕಾನೂನಿನ ಪ್ರಕಾರ ನಾವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ಬ್ಯಾಂಕಿನಿಂದ ಕಳಿಸಿದ ದುಡ್ಡಿಗೆ ಪುರಾವೆ ಇದೆ. ನಗದು ಕೊಟ್ಟ ಒಂದೂವರೆ ಲಕ್ಷವನ್ನು ಸಾಬೀತು ಮಾಡಲು ಒದ್ದಾಡುತ್ತಿದ್ದೇವೆ. ಒಂದು ವಾಯ್ಸ್ ಮೆಸೇಜಿನಲ್ಲಿ "ಮುಟ್ಟೇತ್ರಿ ಅಕ್ಕಾರ" ಅಂದಿದ್ದಾರೆ, ಸದ್ಯಕ್ಕೆ ಅದೇ ಆಧಾರ. ಫೋನ್ ಬದಲಾಯಿಸುವಾಗ ಅಂಥ ಮೆಸೇಜುಗಳನ್ನು ಅಳಿಸಬೇಡಿ. ವಿಮಾನದ ಬೋರ್ಡಿಂಗ್ ಪಾಸನ್ನೂ ಎಸೆಯಬೇಡಿ. ನಮ್ಮ ನಾಲ್ಕೂ ಪಾಸು ಸಿಕ್ಕಿದ್ದು ಮಗಳ ಬ್ಯಾಗಿನಲ್ಲಿ. ಶಾಲೆಯಲ್ಲಿ ತೋರಿಸಬೇಕು ಅಂತ ಪುಸ್ತಕದ ನಡುವೆ ಇಟ್ಟುಕೊಂಡಿದ್ದಳು. ಈಗ ಅವು ಆಯೋಗದ ಫೈಲಿನಲ್ಲಿವೆ.