ಕನ್ನಡಕ, ಲೆನ್ಸು, ಲೇಸರ್: ಪಕ್ಕಪಕ್ಕ ಇಟ್ಟು ನೋಡಿದಾಗ

ಕಣ್ಣಿನ ನಂಬರ್ ಕಳೆಯುವ ಲೇಸರ್ ಯಾಕೆ ಬೇಕು ಅಂತ ಕೇಳಿದರೆ ಸಿಗುವ ಉತ್ತರಗಳು ಹೆಚ್ಚುಕಡಿಮೆ ಇವೇ: ಕನ್ನಡಕ ಜಾರುತ್ತದೆ, ಆವಿ ಕಟ್ಟುತ್ತದೆ, ಹೆಲ್ಮೆಟ್ ಒಳಗೆ ಕಿವಿ ನೋಯುತ್ತದೆ, ರಾತ್ರಿ ಮಳೆಯಲ್ಲಿ ಎದುರು ಗಾಡಿಯ ಲೈಟು ಒಡೆದು ಹರಡುತ್ತದೆ. ಮೊದಲ ಮೂರಕ್ಕೆ ಕಣ್ಣು ಮುಟ್ಟಬೇಕಾಗಿಯೇ ಇಲ್ಲ. ನಾಲ್ಕನೆಯದು ಲೇಸರ್ ಆದ ಮೇಲೂ ಕೆಲವು ತಿಂಗಳು ಇನ್ನೊಂದು ರೂಪದಲ್ಲಿ ಕಾಡಬಹುದು. ಹಾಗಾಗಿ ಲೇಸರನ್ನು ತೂಗಬೇಕಾದದ್ದು ಸರಿಯಾಗಿ ಕೂತ ಕನ್ನಡಕದ ಎದುರು, ಸೊಟ್ಟ ಕನ್ನಡಕದ ಎದುರಲ್ಲ.

ಕನ್ನಡಕ

ಜಾರುವುದಕ್ಕೆ ಬೆವರು ನೆಪ ಮಾತ್ರ. ಕಡ್ಡಿಯ ಬಾಗು ಕಿವಿಯ ಮೇಲ್ತುದಿಯಲ್ಲೇ ಶುರುವಾಗಬೇಕು. ಅರ್ಧ ಇಂಚು ಹಿಂದೆ ಬಾಗಿದ್ದರೆ ಹಿಡಿತವಿಲ್ಲ, ಗ್ಲಾಸಿನ ಭಾರಕ್ಕೆ ಇಡೀ ಫ್ರೇಮು ಮುಂದಕ್ಕೆ ಬರುತ್ತದೆ. ಕನ್ನಡಿ ಮುಂದೆ ನಿಂತು ಮೂಗಿನ ಪ್ಯಾಡು ನೋಡಿ. ಪ್ಯಾಡಿನ ಪೂರ್ತಿ ಮೈ ಮೂಗಿಗೆ ಅಂಟಿರಬೇಕು. ಕೆಳ ಅಂಚು ಮಾತ್ರ ಒತ್ತುತ್ತಿದ್ದರೆ ಸಂಜೆಗೆ ಮೂಗಿನ ಎರಡೂ ಬದಿಯಲ್ಲಿ ಅರ್ಧಚಂದ್ರದ ಹಾಗೆ ಕೆಂಪು ಗುರುತು ಬೀಳುತ್ತದೆ. ಆಪ್ಟಿಕಲ್ ಅಂಗಡಿಯವರು ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಾಗಿಸಿ, ಹೊಸ ಸಿಲಿಕಾನ್ ಪ್ಯಾಡು ಹಾಕಿಕೊಡುತ್ತಾರೆ. ಹತ್ತು ನಿಮಿಷದ ಕೆಲಸ. ಪ್ಲಾಸ್ಟಿಕ್ ಫ್ರೇಮಿಗೆ ಸಾಮಾನ್ಯವಾಗಿ ಪ್ಯಾಡು ಬದಲಿಸುವ ಸೌಲಭ್ಯ ಇರುವುದಿಲ್ಲ, ಅದಕ್ಕೇ ಸಣ್ಣ ಮೂಗಿನವರು ಲೋಹದ ಫ್ರೇಮು ತಗೊಳ್ಳುವುದು ಜಾಣತನ.

ಮುಖಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕುವವರು ಕಡ್ಡಿ ತೆಳ್ಳಗೆ, ನೇರವಾಗಿ ಇರುವುದನ್ನು ನೋಡಿ ಆರಿಸಬೇಕು. ಮೊದಲು ಹೆಲ್ಮೆಟ್, ಆಮೇಲೆ ವೈಸರ್ ಎತ್ತಿ ಕನ್ನಡಕ ಒಳಗೆ ತೂರಿಸುವುದು, ತೆಗೆಯುವಾಗ ಉಲ್ಟಾ. ಕನ್ನಡಕದ ಮೇಲೆಯೇ ಹೆಲ್ಮೆಟ್ ಎಳೆದುಕೊಂಡರೆ ಎರಡೇ ವಾರದಲ್ಲಿ ಫ್ರೇಮು ಸೊಟ್ಟ.

ಆವಿ ಕಟ್ಟುವುದು ಗ್ಲಾಸು ತಣ್ಣಗಿರುವುದರಿಂದ. ಏಸಿ ಬಸ್ಸಿಂದ ಇಳಿದಾಗ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಗಾಳಿಯಲ್ಲಿದ್ದ ನೀರು ಸಣ್ಣ ಹನಿಯಾಗಿ ಕೂರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿಯನ್ನು ನೀರಲ್ಲಿ ಬೆರೆಸಿ ಸವರಿ, ಗಾಳಿಗೆ ಒಣಗಲು ಬಿಟ್ಟರೆ ಹನಿ ಹನಿಯಾಗುವ ಬದಲು ನೀರು ತೆಳು ಪದರವಾಗಿ ಹರಡುತ್ತದೆ, ನೋಟ ಮಸುಕಾಗುವುದಿಲ್ಲ. ಕೆಲವು ಗಂಟೆ ನಡೆಯುತ್ತದೆ, ಅಷ್ಟೇ. ಮೆಟ್ರೋ ಕಾಮಗಾರಿಯ ಧೂಳು ಕೂತ ಗ್ಲಾಸನ್ನು ಅಂಗಿಯ ಚುಂಗಿನಿಂದಲೋ ಸೆರಗಿನಿಂದಲೋ ಒಣಗಿದ್ದಂತೆಯೇ ಒರೆಸಿದರೆ ಮರಳು ಕಾಗದ ಉಜ್ಜಿದ ಹಾಗೆ. ಮೊದಲು ನಲ್ಲಿ ಕೆಳಗೆ ಹಿಡಿಯಿರಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋದರೆ ಗ್ಲಾಸು ಹಿಗ್ಗಿದಷ್ಟು ಕೋಟಿಂಗ್ ಹಿಗ್ಗದೆ ಜೇಡರ ಬಲೆಯಂಥ ಬಿರುಕು ಬರುತ್ತದೆ. ಅದಕ್ಕೆ ರಿಪೇರಿ ಇಲ್ಲ.

ನಂಬರ್ ಮೈನಸ್ 5 ದಾಟಿದವರಿಗೆ ಇದಕ್ಕಿಂತ ಮುಖ್ಯವಾದದ್ದು ಎರಡು ಕಣ್ಣಿನ ಪಾಪೆಗಳ ನಡುವಿನ ಅಳತೆ, ಅಂಗಡಿಯವರು ಪೀಡಿ ಅನ್ನುವುದು. ಮೈನಸ್ 6 ಇರುವ ಗ್ಲಾಸಿನ ಮಧ್ಯಬಿಂದು ಒಂದು ಕಣ್ಣಿಗೆ 3 ಮಿ.ಮೀ. ಆಚೀಚೆ ಆದರೆ 1.8 ಪ್ರಿಸಂ ಡಯಾಪ್ಟರ್‌ನಷ್ಟು ಬೆಳಕು ಬಾಗುತ್ತದೆ. ‘ಹೊಸ ಕನ್ನಡಕ, ತಲೆನೋವು, ಅಭ್ಯಾಸ ಆಗುತ್ತೆ ಬಿಡಿ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಎಡ ಬಲ ಬೇರೆ ಬೇರೆಯಾಗಿ. ತೆಳು ಗ್ಲಾಸು ಬೇಕಿದ್ದರೆ 1.67 ಇಂಡೆಕ್ಸಿನದು ಕೇಳಬಹುದು (ಇಂಡೆಕ್ಸ್ ಹೆಚ್ಚಿದಷ್ಟೂ ಗ್ಲಾಸು ತೆಳು). ಆದರೆ ಚಿಕ್ಕ, ದುಂಡು ಫ್ರೇಮು ಆರಿಸಿದರೆ 1.60ರಲ್ಲೇ ಅಂಚು ಸಾಕಷ್ಟು ತೆಳ್ಳಗಾಗುತ್ತದೆ, ದುಡ್ಡೂ ಉಳಿಯುತ್ತದೆ.

ಕಾಂಟ್ಯಾಕ್ಟ್ ಲೆನ್ಸು

ಅಂಚಿನವರೆಗೂ ನೇರ ನೋಟ, ಹೆಲ್ಮೆಟ್ ಗೊಡವೆ ಇಲ್ಲ, ಈರುಳ್ಳಿ ಹೆಚ್ಚಿದರೂ ಕಣ್ಣೀರು ಕಡಿಮೆ. ಬಳಸಿ ನೋಡಿದರೆ ಲೆನ್ಸಿನ ಸುಖ ನಿಜ. ತೊಂದರೆ ಬರುವುದು ಕೈಯಿಂದ ಮತ್ತು ನೀರಿನಿಂದ.

ಬೆಳಿಗ್ಗೆ ಹಸಿಮೆಣಸಿನಕಾಯಿ ಹೆಚ್ಚಿದ ಕೈ ರಾತ್ರಿ ಲೆನ್ಸು ತೆಗೆಯುವಾಗ ಸೇಡು ತೀರಿಸಿಕೊಳ್ಳುತ್ತದೆ. ಮೆಣಸಿನ ಖಾರ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪಿನಲ್ಲಿ ಎರಡು ಸಲ ತೊಳೆದು, ನಾರು ಬಿಡದ ಬಟ್ಟೆಯಲ್ಲಿ ಒರೆಸಬೇಕು. ಅಡುಗೆಗೆ ಮುಂಚೆ ಹಾಕುವುದು, ಅಡುಗೆಯ ದಿನ ಎಣ್ಣೆ ಮರೆಯದಿರುವುದು, ಇವೇ ಎರಡು ನಿಯಮ.

ನೀರಿನ ಮಾತು ಇನ್ನೂ ಗಂಭೀರ. ಕಾವೇರಿ ಆಗಲಿ ಬೋರ್‌ವೆಲ್ ಆಗಲಿ, ಸಂಪು, ಮೇಲಿನ ಟ್ಯಾಂಕು ಹಾದು ಬರುವ ನಲ್ಲಿ ನೀರಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಲೆನ್ಸಿಗೆ ಅಂಟಿ ಕಾರ್ನಿಯಾದೊಳಗೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಇಳಿದರೆ ತಿಂಗಳುಗಟ್ಟಲೆ ಚಿಕಿತ್ಸೆ. ಲೆನ್ಸನ್ನೂ ಡಬ್ಬಿಯನ್ನೂ ನಲ್ಲಿ ನೀರಿಗೆ ಒಡ್ಡಬಾರದು, ಸ್ನಾನಕ್ಕೆ ಮುಂಚೆ ತೆಗೆಯಬೇಕು. ಹಳೆ ಸಲ್ಯೂಷನ್ ಮೇಲೆ ಹೊಸದು ಸುರಿಯುವುದು ಬೇಡ, ಚೆಲ್ಲಿ ಹೊಸದಾಗಿ ತುಂಬಿ. ಡಬ್ಬಿ ಮೂರು ತಿಂಗಳಿಗೊಂದು. ‘ಮಂತ್ಲಿ’ ಎಂದರೆ ಸೀಲು ಒಡೆದ ದಿನದಿಂದ ತಿಂಗಳು, ಹಾಕಿದ ದಿನಗಳ ಲೆಕ್ಕವಲ್ಲ. ವಾರಕ್ಕೆ ಎರಡೇ ದಿನ ಹಾಕುವವರಿಗೆ ದಿನಕ್ಕೊಂದು ಬಿಸಾಡುವ ಲೆನ್ಸೇ ವಾಸಿ. ಕನ್ನಡಕದ ನಂಬರನ್ನೇ ಲೆನ್ಸಿಗೂ ಬರೆಸಬೇಡಿ. ಮೈನಸ್ 6 ಕನ್ನಡಕಕ್ಕೆ ಲೆನ್ಸು ಸುಮಾರು 5.5 ಸಾಕು, ಕಣ್ಣಿಗೆ ಹತ್ತಿರ ಕೂರುವುದರಿಂದ.

ಲೇಸರ್

ಜಾಹೀರಾತು ಏನೇ ಹೇಳಲಿ, ಯಾವ ವಿಧಾನ ಎಂದು ತೀರ್ಮಾನಿಸುವುದು ಕಾರ್ನಿಯಾದ ದಪ್ಪ ಮತ್ತು ಆಕಾರ. ಲೆಕ್ಕ ಮನೆಯಲ್ಲೇ ಹಾಕಬಹುದು. 6.5 ಮಿ.ಮೀ. ಅಗಲಕ್ಕೆ ಒಂದು ನಂಬರಿಗೆ ಕಾರ್ನಿಯಾವನ್ನು ಸುಮಾರು 14 ಮೈಕ್ರಾನ್ ಕೆತ್ತುತ್ತಾರೆ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು). ಲೇಸಿಕ್ ಎಂಬ ವಿಧಾನದಲ್ಲಿ ಮೊದಲು ಸುಮಾರು 110 ಮೈಕ್ರಾನ್ ದಪ್ಪದ ಪದರವನ್ನು ಪುಸ್ತಕದ ಹಾಳೆಯ ಹಾಗೆ ಮಗುಚುತ್ತಾರೆ, ಅದನ್ನೇ ಫ್ಲಾಪ್ ಅನ್ನುವುದು. ಕಾರ್ನಿಯಾ 520, ನಂಬರ್ ಮೈನಸ್ 6 ಇದ್ದರೆ: 110, ಕೆತ್ತಿದ್ದು 84, ಕೆಳಗೆ ಉಳಿಯುವುದು 326. ಚಿಂತೆಯಿಲ್ಲ. ಕಾರ್ನಿಯಾ 490, ನಂಬರ್ ಮೈನಸ್ 8 ಇದ್ದರೆ: 110, ಕೆತ್ತಿದ್ದು 112, ಉಳಿಯುವುದು 268. ಕನಿಷ್ಠ 250 ಅನ್ನುವುದು ಹಳೆಯ ಗೆರೆ. ಜಾಗ್ರತೆಯ ಡಾಕ್ಟರು 300 ಕೇಳುತ್ತಾರೆ. ಎರಡನೆಯವರನ್ನು ವಾಪಸ್ ಕಳಿಸಿದ ಆಸ್ಪತ್ರೆ ಒಳ್ಳೆಯ ಆಸ್ಪತ್ರೆ.

ಪಿಆರ್‌ಕೆ ಎಂಬ ಇನ್ನೊಂದು ವಿಧಾನದಲ್ಲಿ ಪದರ ಮಗುಚುವುದಿಲ್ಲ, ಮೇಲಿನ ಚರ್ಮದಂಥ ತೆಳು ಪೊರೆ ಕೆರೆದು ಅಲ್ಲೇ ಕೆತ್ತುತ್ತಾರೆ. ತೆಳು ಕಾರ್ನಿಯಾಕ್ಕೂ, ಕಬಡ್ಡಿ ಬಾಕ್ಸಿಂಗ್‌ನಂಥ ಪೆಟ್ಟು ಬೀಳುವ ಆಟದವರಿಗೂ ಇದು ಒಪ್ಪುತ್ತದೆ, ಏಕೆಂದರೆ ಜರುಗುವ ಪದರವೇ ಇಲ್ಲ. ಬೆಲೆಯೆಂದರೆ ಎರಡು ಮೂರು ದಿನ ಚೆನ್ನಾಗಿಯೇ ನೋವು, ನಾಲ್ಕೈದು ದಿನ ಬ್ಯಾಂಡೇಜ್ ಲೆನ್ಸು, ನೋಟ ತಿಳಿಯಾಗಲು ವಾರಗಳು. ಬಿಸಿಲಿಗೆ ಕಾರ್ನಿಯಾ ಮಬ್ಬಾಗುವ ಅಪಾಯವಿದೆ, ತಂಪು ಕನ್ನಡಕ ಕೆಲವು ತಿಂಗಳು ಕಡ್ಡಾಯ. ಕನ್ನಡಕ ಬಿಡಲು ಹೋಗಿ ಕನ್ನಡಕ ಹಾಕಬೇಕಾದ ಪಾಡು.

ಸ್ಮೈಲ್ ಎಂಬ ಮೂರನೇ ವಿಧಾನದಲ್ಲಿ 2ರಿಂದ 4 ಮಿ.ಮೀ. ಸೀಳಿನಿಂದ ಕಾರ್ನಿಯಾದ ಒಳಗಿನ ತುಣುಕೊಂದನ್ನು ಎಳೆದು ತೆಗೆಯುತ್ತಾರೆ. ಲೇಸಿಕ್‌ನ ಫ್ಲಾಪಿನ ಅಂಚು ಸುಮಾರು 20 ಮಿ.ಮೀ. ಉದ್ದ, ಅಷ್ಟು ನರ ತುಂಡಾಗುವುದಿಲ್ಲವಾದ್ದರಿಂದ ಕಣ್ಣು ಒಣಗುವುದು ಕಡಿಮೆ. ಆದರೆ ‘ಸ್ಮೈಲ್‌ನಲ್ಲಿ ಕಾರ್ನಿಯಾ ಕಡಿಮೆ ಖರ್ಚಾಗುತ್ತದೆ’ ಅನ್ನುವುದು ತಪ್ಪು ನಂಬಿಕೆ. ತುಣುಕು ಹರಿಯದೆ ಹೊರಬರಲು ಅದಕ್ಕೆ ಸ್ವಲ್ಪ ಹೆಚ್ಚುವರಿ ದಪ್ಪ ಬೇಕು, ಅದೂ ಸೇರಿ ಹೋಗುತ್ತದೆ.

ಮೈನಸ್ 8, 10 ದಾಟಿದವರಿಗೆ ಐಸಿಎಲ್: ಕಾರ್ನಿಯಾ ಕೆತ್ತದೆ ಕಣ್ಣಿನೊಳಗೆ, ಪಾಪೆಯ ಹಿಂದೆ ಲೆನ್ಸು ಇಡುವುದು. ಬೇಡವಾದರೆ ತೆಗೆಯಬಹುದು. ಕಣ್ಣಿನ ಮುಂಭಾಗದ ಆಳ ಸುಮಾರು 3 ಮಿ.ಮೀ. ಇರಬೇಕು. ಖರ್ಚು ಎಲ್ಲಕ್ಕಿಂತ ಹೆಚ್ಚು.

ಲೇಸಿಕ್ ದಿನ ಹೀಗಿರುತ್ತದೆ. ಮರಗಟ್ಟಿಸುವ ಡ್ರಾಪ್ಸ್, ರೆಪ್ಪೆಗೆ ಕ್ಲಿಪ್ಪು, ಒತ್ತಡದ ಉಂಗುರ ಕೂತಾಗ ಕೆಲ ಕ್ಷಣ ಕತ್ತಲು, ಆಮೇಲೆ ಮಿನುಗುವ ದೀಪವನ್ನೇ ನೋಡುತ್ತಿರುವುದು. ಕೂದಲು ಸುಟ್ಟಂಥ ವಾಸನೆ ಬರುತ್ತದೆ, ಹೆದರಬೇಡಿ. ಒಂದು ಕಣ್ಣಿಗೆ ಲೇಸರ್ ಬೀಳುವುದು ಒಂದು ನಿಮಿಷದೊಳಗೆ. ಮನೆಗೆ ಬಂದು ನಾಲ್ಕೈದು ಗಂಟೆ ನೀರು, ಉರಿ, ಮಲಗಿಬಿಡುವುದೇ ಮದ್ದು. ವಾರವಿಡೀ ರಾತ್ರಿ ಕಣ್ಣಿಗೆ ಕವಚ. ತಲೆಗೆ ನೀರು ಹಾಕಿಕೊಳ್ಳುವುದಕ್ಕೆ ವಾರ, ಕಾಡಿಗೆಗೆ ಎರಡು ವಾರ, ಈಜಿಗೆ ತಿಂಗಳು ತಡೆ. ಸ್ಕೂಟರ್ ಹತ್ತುವುದು ಡಾಕ್ಟರು ಒಪ್ಪಿದ ಮೇಲೆ, ವೈಸರ್ ಇಳಿಸಿಕೊಂಡು.

ಐಟಿ ಕೆಲಸದವರು ಕಡೆಗಣಿಸುವುದು ಒಣಗಣ್ಣು. ಕಂಪ್ಯೂಟರ್ ನೋಡುವಾಗ ರೆಪ್ಪೆ ಬಡಿಯುವುದೇ ಕಡಿಮೆ, ಮೇಲೆ ಏಸಿ ಗಾಳಿ, ಮೇಲೆ ತುಂಡಾದ ನರಗಳು. ಆ ನರ ಮತ್ತೆ ಬೆಳೆಯಲು ಆರು ತಿಂಗಳು, ವರ್ಷ ಹಿಡಿಯುತ್ತದೆ. ಈಗಲೇ ಸಂಜೆ ಕಣ್ಣು ಉರಿಯುವವರು ಮೊದಲು ಅದಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳಲಿ. ಇನ್ನೊಂದು ಬೆಂಗಳೂರಿನ ಕಾಟ, ಕಾಂಗ್ರೆಸ್ ಗಿಡದ ಪರಾಗ. ಅಲರ್ಜಿಯಾಗಿ ಮುಷ್ಟಿಯಿಂದ ಕಣ್ಣುಜ್ಜುವ ಚಟ ಇದ್ದವರಿಗೆ ಕಾರ್ನಿಯಾ ಕೋನಿನಂತೆ ಮುಂಚಾಚುವ ಕೆರಟೋಕೋನಸ್ ಬರುವ ಸಂಭವ ಹೆಚ್ಚು. ಅಂಥವರಿಗೆ ಲೇಸಿಕ್ ಮಾಡಿದರೆ ಕನ್ನಡಕದಲ್ಲೂ ಸರಿಯಾಗದ ನೋಟ ಉಳಿಯಬಹುದು. ಕಾರ್ನಿಯಾದ ಆಕಾರ, ದಪ್ಪ ಅಳೆಯುವ ಪೆಂಟಕ್ಯಾಮ್ ಸ್ಕ್ಯಾನಿನಲ್ಲಿ ಅದರ ಹಿಂಬದಿಯ ನಕ್ಷೆ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಸ್ಕ್ಯಾನಿಗೆ ಎರಡು ವಾರ ಮುಂಚೆ ಮೆತ್ತನೆ ಲೆನ್ಸು ನಿಲ್ಲಿಸಬೇಕು, ಇಲ್ಲದಿದ್ದರೆ ಲೆನ್ಸು ಒತ್ತಿದ ಆಕಾರವೇ ಕಾಣುತ್ತದೆ. ಪರೀಕ್ಷೆಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುತ್ತಾರೆ. ಅವತ್ತು ಗಾಡಿ ತರದೆ ಮೆಟ್ರೋ ಹಿಡಿಯಿರಿ.

ನಮ್ಮ ಒಲವು ಹೇಳುವುದಾದರೆ: ಮೈನಸ್ 2ರವರೆಗೆ ಕನ್ನಡಕವೇ ಸಾಕು. 3ರಿಂದ 7, ವಯಸ್ಸು 21 ದಾಟಿದೆ, ವರ್ಷದಿಂದ ನಂಬರ್ 0.5ಕ್ಕಿಂತ ಹೆಚ್ಚು ಬದಲಾಗಿಲ್ಲ, ಕಾರ್ನಿಯಾ ದಪ್ಪ ಇದೆ ಅಂದರೆ ಲೇಸರ್ ದುಡ್ಡಿಗೆ ತಕ್ಕದ್ದು. ನಲವತ್ತರ ಹತ್ತಿರ ಬಂದವರು ಇನ್ನೊಮ್ಮೆ ಯೋಚಿಸಲಿ. ಮೈನಸ್ 2.5 ಇರುವವರು ಐವತ್ತರಲ್ಲೂ ಕನ್ನಡಕ ತೆಗೆದಿಟ್ಟು 40 ಸೆಂ.ಮೀ. ದೂರದಲ್ಲಿ ಪೇಪರ್ ಓದುತ್ತಾರೆ. ಲೇಸರ್ ಮಾಡಿಸಿದರೆ ಆ ಸವಲತ್ತು ಹೋಗಿ ಓದುವ ಕನ್ನಡಕ ಬರುತ್ತದೆ.

ದರ ಕೇಳುವಾಗ ಒಂದು ಕಣ್ಣಿನದೋ ಎರಡರದೋ, ಸ್ಕ್ಯಾನು, ಆರು ತಿಂಗಳ ಡ್ರಾಪ್ಸ್, ನಂಬರ್ ಮರಳಿದರೆ ಮಾಡುವ ಎರಡನೇ ಸಲದ ಲೇಸರ್ ಸೇರಿದೆಯೋ ಅಂತ ಬರಹದಲ್ಲಿ ಪಡೆಯಿರಿ. ಸರ್ಜರಿಗೆ ಮುಂಚಿನ ಸ್ಕ್ಯಾನು, ಕಾರ್ನಿಯಾದ ಬಾಗಿನ ಅಳತೆ, ಹಳೆ ನಂಬರ್ ಇರುವ ಕಾಗದಗಳನ್ನು ಆಸ್ತಿಪತ್ರದ ಜೊತೆ ಇಡಿ. ಅರವತ್ತರ ಮೇಲೆ ಪೊರೆ ಬಂದು ಲೆನ್ಸು ಹಾಕುವಾಗ, ಕೆತ್ತಿದ ಕಣ್ಣಿಗೆ ಮಾಮೂಲಿ ಲೆಕ್ಕ ತಪ್ಪುತ್ತದೆ. ಆಗ ಡಾಕ್ಟರು ಮೊದಲು ಕೇಳುವುದು ಆ ಕಾಗದ.