ಡೆಬಿಯನ್ 12ರಲ್ಲಿ ಪ್ಲಾಸ್ಮಾ 6 ಬೇಕು ಅಂತ ನಾನು ಮಾಡಿದ್ದನ್ನು ನೀವು ಮಾಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ನನ್ನ ಪಿಸಿ ಓಡಿಸುವ ಲಿನಕ್ಸ್ ವ್ಯವಸ್ಥೆ ಡೆಬಿಯನ್‌ನದೂ ಅಲ್ಲ, ಅದರ ಮೇಲಿನ ಪ್ಲಾಸ್ಮಾ ಡೆಸ್ಕ್‌ಟಾಪ್ ಮಾಡುವ ಕೆಡಿಇಯದೂ ಅಲ್ಲ. ಆದರೂ ಬರೀತಾ ಇದ್ದೇನೆ, ಯಾಕೆಂದರೆ "ಡೆಸ್ಕ್‌ಟಾಪ್ ಒಂದು ಹೊಸದಾಗಲಿ, ಉಳಿದಿದ್ದೆಲ್ಲ ಇದ್ದ ಹಾಗೇ ಇರಲಿ" ಅಂತ ಅಂದುಕೊಳ್ಳುವವನು ನಾನೊಬ್ಬನೇ ಇರಲಿಕ್ಕಿಲ್ಲ.

ನಾನು ಮನೆಯಲ್ಲೇ ಕೂತು ಪುಟವಿನ್ಯಾಸ ಮಾಡುವವನು. ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆ, ಯಾವಾಗಲೋ ಒಮ್ಮೆ ಒಂದು ಕವನ ಸಂಕಲನ. ಎಲ್ಲವೂ ಸ್ಕ್ರೈಬಸ್ ಅನ್ನುವ ಪುಟವಿನ್ಯಾಸ ತಂತ್ರಾಂಶದಲ್ಲೇ. ಅಸೆಂಬಲ್ ಮಾಡಿಸಿದ ಹಳೆಯ ಪಿಸಿ, ಅದರಲ್ಲೊಂದು ಗ್ರಾಫಿಕ್ಸ್ ಕಾರ್ಡ್, ಮೇಲೆ ಡೆಬಿಯನ್ 12, ಅದರ ಜೊತೆ ಬಂದ ಪ್ಲಾಸ್ಮಾ 5.27. ಒಂದೂವರೆ ವರ್ಷ ಒಂದೇ ಒಂದು ತೊಂದರೆ ಕೊಟ್ಟಿರಲಿಲ್ಲ. ಅದಕ್ಕೇ ಬೇಜಾರಾಯಿತೇನೋ.

ಪ್ಲಾಸ್ಮಾ 6 ಹೊರಬಂದಿದ್ದು 2024ರ ಫೆಬ್ರುವರಿ 28ಕ್ಕೆ. ತೇಲುವ ಪ್ಯಾನೆಲ್, ಹಳೆಯ ಕ್ಯೂಬ್ ಎಫೆಕ್ಟ್ ಮತ್ತೆ ವಾಪಸ್, ಪರದೆಯ ಮೇಲೆ ಚಿತ್ರ ಮೂಡಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್ ಡಿಫಾಲ್ಟ್, ಎಲ್ಲರೂ ವಿಡಿಯೋ ಹಾಕಿದ್ದೇ ಹಾಕಿದ್ದು. ಡೆಬಿಯನ್ನಿನ ಸ್ಟೇಬಲ್ ಶಾಖೆಯಲ್ಲಿ ಆಗ ಅದು ಸಿಗುತ್ತಿರಲಿಲ್ಲ. ಅಲ್ಲಿ ಒಂದು ಆವೃತ್ತಿ ಬಂದ ಮೇಲೆ ಪ್ಯಾಕೇಜುಗಳ ವರ್ಷನ್ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ, ಭದ್ರತೆಯ ತಿದ್ದುಪಡಿ ಮತ್ತು ದೊಡ್ಡ ದೋಷಗಳ ರಿಪೇರಿ ಮಾತ್ರ ಬರುತ್ತದೆ. ಸ್ಟೇಬಲ್ ಅಂದರೆ ಅರ್ಥವೇ ಅದು. ಒಂದು ವರ್ಷ ತಡೆದುಕೊಂಡೆ. 2025ರ ಫೆಬ್ರುವರಿಯ ಒಂದು ಶನಿವಾರ ರಾತ್ರಿ, ಊಟ ಮುಗಿಸಿ ಕೂತವನಿಗೆ, ಮುಂದಿನ ಆವೃತ್ತಿ ತಯಾರಾಗುವ ಟೆಸ್ಟಿಂಗ್ ಶಾಖೆಯಲ್ಲಿ ಪ್ಲಾಸ್ಮಾ 6 ಇದೆ ಅಂತ ಕಣ್ಣಿಗೆ ಬಿತ್ತು. ಪ್ಯಾಕೇಜು ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್ ತೆರೆದೆ, ಟೆಸ್ಟಿಂಗ್‌ನ ಒಂದು ಸಾಲು ಸೇರಿಸಿದೆ, ಪ್ಯಾಕೇಜು ಹಾಕುವ-ತೆಗೆಯುವ ಆಪ್ಟ್‌ಗೆ ಅಪ್‌ಡೇಟ್ ಹೇಳಿದೆ, ಆಮೇಲೆ ಫುಲ್-ಅಪ್‌ಗ್ರೇಡ್.

ಆ ಒಂದು ಸಾಲು ಏನು ಮಾಡುತ್ತದೆ ಗೊತ್ತಾ? ನೀವು ಪಿನ್ನಿಂಗ್ ಮಾಡಿಲ್ಲ, ಅಂದರೆ ಯಾವ ಶಾಖೆಗೆ ಆದ್ಯತೆ ಅಂತ ಹೇಳಿಟ್ಟಿಲ್ಲ ಅಂದರೆ ಆಪ್ಟ್‌ಗೆ ಸ್ಟೇಬಲ್ ಮತ್ತು ಟೆಸ್ಟಿಂಗ್ ಎರಡೂ ಒಂದೇ. ಎಲ್ಲಿ ವರ್ಷನ್ ನಂಬರ್ ದೊಡ್ಡದಿದೆಯೋ ಅದನ್ನು ಎಳೆದುಕೊಳ್ಳುತ್ತದೆ. ಅಂದರೆ ನಾನು ಕೇಳಿದ್ದು ಡೆಸ್ಕ್‌ಟಾಪ್, ಅದು ತಂದಿದ್ದು ಕರ್ನಲ್, ಸಿ ಲೈಬ್ರರಿ, ಸಿಸ್ಟಮ್‌ಡಿ, ಅಂದರೆ ವ್ಯವಸ್ಥೆಯ ತಳಪಾಯವೇ, ಎಲ್ಲ. ಡೆಬಿಯನ್‌ನವರ ವಿಕಿಯಲ್ಲಿ "ಡೋಂಟ್ ಬ್ರೇಕ್ ಡೆಬಿಯನ್" ಅಂತ ಒಂದು ಪುಟವೇ ಇದೆ, ಇಂಥ ಮಿಶ್ರತಳಿಗೆ ಅವರು ಫ್ರಾಂಕನ್‌ಡೆಬಿಯನ್ ಅಂತ ಹೆಸರನ್ನೂ ಇಟ್ಟಿದ್ದಾರೆ. ನಾನು ಅದನ್ನು ಓದಿದ್ದು ಸೋಮವಾರ.

ಆಪ್ಟ್ ಸುಮ್ಮನೆ ಮಾಡಿಬಿಡಲಿಲ್ಲ, ಕೇಳಿತು. ತೆಗೆದುಹಾಕುವ ಪ್ಯಾಕೇಜುಗಳ ಪಟ್ಟಿ ಪರದೆ ತುಂಬ ಬಂತು. ನೋಡಿದೆ, ಸುಮಾರು ಹೆಸರು ಪರಿಚಯದ ಲೈಬ್ರರಿಗಳು, ಹೊಸ ಪಟ್ಟಿಯಲ್ಲಿ ಅವೇ ಹೆಸರುಗಳ ಬಾಲಕ್ಕೆ ಟಿ64 ಅಂತ ಸೇರಿದೆ. ಇದು 2038ರ ಸಮಸ್ಯೆಗೆ ಮಾಡಿದ ಬದಲಾವಣೆ, 32 ಬಿಟ್‌ನಲ್ಲಿ ಕಾಲವನ್ನು ಎಣಿಸಿದರೆ ಆ ವರ್ಷಕ್ಕೆ ಲೆಕ್ಕ ಮುಗಿದುಹೋಗುತ್ತದಲ್ಲ, ಅದಕ್ಕೆ ತುಂಬಾ ಲೈಬ್ರರಿಗಳ ಹೆಸರನ್ನೇ ಬದಲಿಸಿದ್ದಾರೆ. ಹಾಗಾಗಿ ಹಳೆಯ ಹೆಸರು ಹೋಗಿ ಹೊಸ ಹೆಸರು ಬರುವುದು ಮಾಮೂಲು. ಇಷ್ಟು ಗೊತ್ತಿದ್ದಿದ್ದೇ ಮುಳುವಾಯಿತು. "ಓ ಇದು ಅದೇ" ಅಂತ ಉಳಿದಿದ್ದನ್ನು ಓದದೆ ವೈ ಒತ್ತಿದೆ. ಆ ಭತ್ತದ ರಾಶಿಯಲ್ಲಿ ನಿಜವಾಗಿ ಹೋಗುವ ಹೆಸರುಗಳೂ ನಾಲ್ಕಾರು ಇದ್ದವು. ನನ್ನ ಶಾರ್ಟ್‌ಕಟ್‌ಗಳನ್ನೆಲ್ಲ ಹಿಡಿದುಕೊಂಡಿದ್ದ ಕೆಹಾಟ್‌ಕೀಸ್ ಅದರಲ್ಲೊಂದು. ಪ್ಲಾಸ್ಮಾ 6ರಲ್ಲಿ ಅದು ಇಲ್ಲವೇ ಇಲ್ಲ.

(2021ರಲ್ಲಿ ಒಬ್ಬ ದೊಡ್ಡ ಯೂಟ್ಯೂಬರ್ ಇಂಥದೇ ಎಚ್ಚರಿಕೆಯನ್ನು ದಾಟಿ, ಕ್ಯಾಮೆರಾ ಮುಂದೆಯೇ ತನ್ನ ಡೆಸ್ಕ್‌ಟಾಪ್ ಪೂರ್ತಿ ಅಳಿಸಿಕೊಂಡಿದ್ದ. ಆವತ್ತು ನಾನು ನಕ್ಕಿದ್ದೆ.)

ರೀಬೂಟ್ ಮಾಡಿದರೆ ಕಪ್ಪು ಪರದೆ. ಎಡಮೂಲೆಯಲ್ಲಿ ಒಂದು ಗೆರೆ ಮಿಟುಕಿಸುತ್ತಾ ಇದೆ, ಅಷ್ಟೇ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಒಳಗೆ ಹೋದೆ. ಕಾರಣ ಸಿಕ್ಕಿತು. ಹೊಸ ಕರ್ನಲ್ ಬಂದಿದೆ, ಆದರೆ ಅದಕ್ಕೆ ಡ್ರೈವರ್ ಕಟ್ಟಲು ಬೇಕಾದ ಹೆಡರ್ಸ್ ಫೈಲುಗಳು ಬಂದಿಲ್ಲ. ಹಿಂದೆ ಯಾವಾಗಲೋ ನಾನು ಆ ಒಂದು ಕರ್ನಲ್ ನಂಬರಿನ ಹೆಡರ್ಸ್ ಮಾತ್ರ ಹಾಕಿಕೊಂಡಿದ್ದೆ. ಹೆಡರ್ಸ್ ಇಲ್ಲದೆ, ಪ್ರತಿ ಹೊಸ ಕರ್ನಲ್‌ಗೂ ಡ್ರೈವರ್ ಕಟ್ಟಿಕೊಡುವ ಡಿಕೆಎಂಎಸ್ ಗ್ರಾಫಿಕ್ಸ್ ಮಾಡ್ಯೂಲನ್ನು ಕಟ್ಟಲಿಲ್ಲ, ಕರ್ನಲ್ ಜೊತೆಗೇ ಬರುವ ಮುಕ್ತ ಡ್ರೈವರನ್ನು ನಾನೇ ಬ್ಲಾಕ್‌ಲಿಸ್ಟ್ ಮಾಡಿ ತಡೆದಿಟ್ಟಿದ್ದೆ. ಎರಡೂ ಕಡೆ ಬಾಗಿಲು ಬಂದ್.

ಸರಿ, ಹೆಡರ್ಸ್ ಇಳಿಸಿಕೊಂಡರಾಯಿತು ಅಂದರೆ ವೈಫೈ ಇಲ್ಲ. ನೆಟ್‌ವರ್ಕ್ ಜೋಡಿಸುವ ಎನ್‌ಎಂಸಿಎಲ್‌ಐ ಆಜ್ಞೆ ಪಾಸ್‌ವರ್ಡ್ ಸಿಗುತ್ತಿಲ್ಲ ಅನ್ನುತ್ತದೆ. ಪಾಸ್‌ವರ್ಡ್ ಇರುವುದು ಕೆಡಿಇಯ ಪಾಸ್‌ವರ್ಡ್ ಪೆಟ್ಟಿಗೆ ಕೆವಾಲೆಟ್ ಒಳಗೆ, ಕೆವಾಲೆಟ್ ತೆರೆಯಬೇಕೆಂದರೆ ಡೆಸ್ಕ್‌ಟಾಪ್ ಏಳಬೇಕು, ಡೆಸ್ಕ್‌ಟಾಪ್ ಏಳಬೇಕೆಂದರೆ ಹೆಡರ್ಸ್ ಬೇಕು, ಹೆಡರ್ಸ್‌ಗೆ ವೈಫೈ ಬೇಕು. ರಾತ್ರಿ ಹನ್ನೆರಡೂವರೆಗೆ ಈ ಚಕ್ರವನ್ನು ನೋಡುತ್ತಾ ಕೂತಿದ್ದೆ. ರೂಟರ್ ಹಿಂದಿನ ಸ್ಟಿಕ್ಕರ್ ಮೇಲೆ ಪಾಸ್‌ವರ್ಡ್ ಇತ್ತು, ಆದರೆ ಅದನ್ನು ನಾನೇ ಬದಲಾಯಿಸಿದ್ದೆ, ಏನಂತ ಇಟ್ಟಿದ್ದೆನೋ ನೆನಪಿಲ್ಲ. ಕೊನೆಗೆ ಕೈ ಹಿಡಿದಿದ್ದು ಫೋನ್. ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಆನ್ ಮಾಡಿದರೆ ತಂತಿಯ ನೆಟ್‌ವರ್ಕ್ ಥರ ತಾನಾಗೇ ಹತ್ತಿಕೊಂಡಿತು. ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಯಾವತ್ತಾದರೂ ಬೇಕಾಗುತ್ತದೆ.

ಎರಡು ಗಂಟೆಗೆ ಪ್ಲಾಸ್ಮಾ 6 ಎದ್ದಿತು. ಚೆನ್ನಾಗೇ ಇತ್ತು, ಸುಳ್ಳು ಹೇಳುವುದಿಲ್ಲ. ಹಳೆಯ ವಿಜೆಟ್‌ಗಳು ಹೋಗಿದ್ದವು, ಪ್ಲಾಸ್ಮಾ 5ಕ್ಕೆ ಬರೆದಿದ್ದು 6ರಲ್ಲಿ ಹಾಗೇ ನಡೆಯುವುದಿಲ್ಲ. ಫೋಲ್ಡರ್ ತೆರೆಯಲು ಡಬಲ್ ಕ್ಲಿಕ್ ಆಗಿತ್ತು. ಇದೆಲ್ಲ ಚಿಲ್ಲರೆ.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂತರೆ ಕನ್ನಡ ಬರುತ್ತಿಲ್ಲ! ಕನ್ನಡ ಟೈಪಿಂಗಿಗೆ ಬಳಸುವ ಐಬಸ್‌ನ ಐಕಾನ್ ಇದೆ, ಕಗಪ ಕೀಲಿಮಣೆ ಆಯ್ಕೆ ಆಗಿದೆ, ಒತ್ತಿದರೆ ಇಂಗ್ಲಿಷ್ ಅಕ್ಷರ. ಒಂದು ಆ್ಯಪ್‌ನಲ್ಲಿ ಬರುತ್ತದೆ, ಇನ್ನೊಂದರಲ್ಲಿ ಇಲ್ಲ. ಅರ್ಧ ದಿನ ಇದಕ್ಕೇ ಹೋಯಿತು. ಮೇಷ್ಟ್ರು ಬೇರೆ ಫೋನ್ ಮಾಡಿದರು, ಅವರ ಹಳೆಯ ವಿದ್ಯಾರ್ಥಿಗಳ ಸಂಘದ ಸ್ಮರಣ ಸಂಚಿಕೆ ಬುಧವಾರ ಪ್ರೆಸ್‌ಗೆ ಹೋಗಬೇಕಿತ್ತು. "ಏನಪ್ಪಾ, ಆಯ್ತಾ?" "ಆಗ್ತಾ ಇದೆ ಸಾರ್." ಏನಾಗ್ತಾ ಇದೆ ಅಂತ ಹೇಳಲಿಲ್ಲ.

ಕನ್ನಡ ಟೈಪ್ ಮಾಡುವವರಿಗೆ ಇದು ಮುಖ್ಯ, ಅದಕ್ಕೆ ಬಿಡಿಸಿ ಹೇಳುತ್ತೇನೆ. ವೇಲ್ಯಾಂಡ್‌ಗಿಂತ ಮುಂಚಿನ ಎಕ್ಸ್11ನಲ್ಲಿ ಐಬಸ್ ತಾನೇ ಎದ್ದು ಎಲ್ಲ ಆ್ಯಪ್‌ಗಳ ಜೊತೆ ಮಾತಾಡಿಕೊಳ್ಳುತ್ತಿತ್ತು. ಪ್ಲಾಸ್ಮಾದ ವೇಲ್ಯಾಂಡ್‌ನಲ್ಲಿ ಅದನ್ನು ಎಬ್ಬಿಸಬೇಕಾದ್ದು ಕಿಟಕಿಗಳನ್ನು ನೋಡಿಕೊಳ್ಳುವ ಕೆವಿನ್. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ವರ್ಚುಯಲ್ ಕೀಬೋರ್ಡ್ ಅಂತ ಒಂದು ಜಾಗ ಇದೆ, ಅಲ್ಲಿ ಐಬಸ್ ವೇಲ್ಯಾಂಡ್ ಅನ್ನೋದನ್ನು ಆರಿಸಬೇಕು. ಐಬಸ್ ಥರದ್ದೇ ಆದ ಎಫ್‌ಸಿಐಟಿಎಕ್ಸ್5 ಬಳಸುವವರೂ ಅಲ್ಲೇ ಆರಿಸಬೇಕು. ವರ್ಚುಯಲ್ ಕೀಬೋರ್ಡ್ ಅಂದರೆ ಟಚ್ ಸ್ಕ್ರೀನ್‌ನವರಿಗೆ ಅಂತ ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಅಲ್ವಾ, ಯಾರು ನೋಡ್ತಾರೆ?

ಕನ್ನಡ ಬಂತು, ಸ್ಕ್ರೈಬಸ್ ಮಿನುಗಲು ಶುರುವಾಯಿತು. ಅಕ್ಷರ ಒತ್ತಿದರೆ ಹಿಂದಿನ ಚಿತ್ರ ಒಂದು ಕ್ಷಣ ಬಂದು ಹೋಗುತ್ತದೆ. ವೇಲ್ಯಾಂಡ್ ಮೇಲೆ ಎಕ್ಸ್11 ಆ್ಯಪ್ ಓಡಿಸುವ ಎಕ್ಸ್‌ವೇಲ್ಯಾಂಡ್ ಮೂಲಕ ಓಡುವ ಆ್ಯಪ್‌ಗಳಿಗೆ ಇಂಥ ಕಾಟ ಇದ್ದಿದ್ದೇ. ಪ್ಲಾಸ್ಮಾ 6.1ರಲ್ಲಿ ಎಕ್ಸ್‌ಪ್ಲಿಸಿಟ್ ಸಿಂಕ್ ಅಂತ ಮದ್ದು ಬಂದಿದೆ, ಆದರೆ ಡ್ರೈವರಿಗೂ ಅದು ಗೊತ್ತಿರಬೇಕು, ನನ್ನದು ಹಳೆಯ ಡ್ರೈವರ್. ಇನ್ನು ಸಾಕು, ವಾಪಸ್ ಹೋಗೋಣ ಅಂದುಕೊಂಡೆ.

ವಾಪಸ್ ಹೋಗಲು ದಾರಿ ಇಲ್ಲ. ಟೆಸ್ಟಿಂಗ್ ಸಾಲು ಅಳಿಸಿದರೆ ಮುಂದೆ ಬರುವುದು ನಿಲ್ಲುತ್ತದೆಯೇ ಹೊರತು ಬಂದಿದ್ದು ಹೋಗುವುದಿಲ್ಲ. ಸಾವಿರಾರು ಪ್ಯಾಕೇಜುಗಳನ್ನು ಹಿಂದಕ್ಕೆ ತಳ್ಳುವುದು ಡೆಬಿಯನ್‌ನಲ್ಲಿ ಬೆಂಬಲ ಇಲ್ಲದ ಕೆಲಸ, ಅದರಲ್ಲೂ ಸಿ ಲೈಬ್ರರಿಯೇ ಹೊಸದಾದ ಮೇಲೆ. ಪ್ರಯತ್ನ ಮಾಡಿದೆ, ಅದನ್ನು ಬರೆಯಲು ನಾಚಿಕೆ.

ಕೊನೆಗೆ ತಮ್ಮನ ಲ್ಯಾಪ್‌ಟಾಪಿನಲ್ಲಿ ಲೈವ್ ಯುಎಸ್‌ಬಿ ಮಾಡಿಕೊಂಡು, ಅದರಿಂದ ಬೂಟ್ ಮಾಡಿ, ಹೋಮ್ ಫೋಲ್ಡರನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿ, ಎಲ್ಲ ಫಾರ್ಮ್ಯಾಟ್ ಮಾಡಿ ಡೆಬಿಯನ್ 12 ಮತ್ತೆ ಹಾಕಿದೆ. ನಿಜವಾದ ನಷ್ಟ ಆಗಿದ್ದು ಇಲ್ಲಿ. ಸಿಪಿ ಆಜ್ಞೆಗೆ ಕೊನೆಯಲ್ಲಿ ನಕ್ಷತ್ರ ಹಾಕಿದ್ದೆ, ಎಲ್ಲ ಬರಲಿ ಅಂತ. ಆ ನಕ್ಷತ್ರಕ್ಕೆ ಚುಕ್ಕಿಯಿಂದ ಶುರುವಾಗುವ ಫೋಲ್ಡರುಗಳು ಕಾಣುವುದಿಲ್ಲ. ಫೈರ್‌ಫಾಕ್ಸ್ ಬುಕ್‌ಮಾರ್ಕ್‌ಗಳು, ಎಲ್ಲ ಸೆಟ್ಟಿಂಗ್‌ಗಳು, ಇನ್ನೂ ಮುಖ್ಯವಾಗಿ ವರ್ಷಗಳಿಂದ ಒಂದೊಂದಾಗಿ ಸೇರಿಸಿಟ್ಟಿದ್ದ ಕನ್ನಡ ಫಾಂಟುಗಳು, ಎಲ್ಲ ಅಂಥ ಮರೆಯ ಫೋಲ್ಡರಿನಲ್ಲೇ ಇದ್ದವು. ನಕ್ಷತ್ರದ ಬದಲು ಫೋಲ್ಡರಿನ ಹೆಸರನ್ನೇ ಕೊಟ್ಟಿದ್ದರೆ ಎಲ್ಲವೂ ಬರುತ್ತಿತ್ತು.

ಸಂಚಿಕೆಯ ಫೈಲ್ ತೆರೆದಾಗ ಸ್ಕ್ರೈಬಸ್ ಕೇಳಿತು, ಈ ಫಾಂಟ್‌ಗಳಿಲ್ಲ, ಬದಲಿಗೆ ಯಾವುದು ಹಾಕಲಿ ಅಂತ. ಸಿಕ್ಕಿದ್ದನ್ನು ಮತ್ತೆ ಇಳಿಸಿಕೊಂಡೆ. ಎರಡು ಫಾಂಟ್ ಎಲ್ಲಿಂದ ತಂದಿದ್ದೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ಬೇರೆ ಫಾಂಟ್ ಹಾಕಿದ ಕಡೆಯೆಲ್ಲ ಸಾಲು ಮುರಿಯುವ ಜಾಗ ಬದಲಾಗಿ, ಅರವತ್ತು ಪುಟ ಮತ್ತೆ ಕೂರಿಸಿದೆ. ಬುಧವಾರ ಹೋಗಬೇಕಿದ್ದದ್ದು ಶುಕ್ರವಾರ ಹೋಯಿತು.

ಆಮೇಲೆ 2025ರ ಆಗಸ್ಟ್ 9ಕ್ಕೆ ಡೆಬಿಯನ್ 13 ಬಂತು, ಅದರಲ್ಲಿ ಪ್ಲಾಸ್ಮಾ 6.3 ಮನೆ ಬಾಗಿಲಿಗೇ ಬಂದಿತ್ತು. ಆರು ತಿಂಗಳು ಕಾಯುವಷ್ಟು ತಾಳ್ಮೆ ಇದ್ದಿದ್ದರೆ ಸಾಕಿತ್ತು. ಈ ಸಲ ಕೈಯಲ್ಲಿ ಕೆಲಸ ಇಲ್ಲದ ವಾರ ನೋಡಿ, ಬಿಡುಗಡೆ ಟಿಪ್ಪಣಿ ಓದಿ, ವ್ಯವಸ್ಥೆಯ ಸ್ಥಿತಿಯನ್ನು ಉಳಿಸಿಡುವ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದೆ. ಟೈಮ್‌ಶಿಫ್ಟ್ ಮಾಮೂಲಾಗಿ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ, ಅದಕ್ಕೆ ಬೇರೆ ನಕಲು, ಈ ಬಾರಿ ಚುಕ್ಕಿ ಫೋಲ್ಡರ್ ಸಮೇತ. ಆಪ್ಟ್‌ಗೆ ಮೈನಸ್ ಎಸ್ ಕೊಟ್ಟರೆ ಏನನ್ನೂ ಮುಟ್ಟದೆ ಏನೇನು ಮಾಡುತ್ತೇನೆ ಅಂತ ಹೇಳುತ್ತದೆ, ಆ ಪಟ್ಟಿಯನ್ನು ಫೈಲಿಗೆ ಹಾಕಿ, ಟಿ64 ಸಾಲುಗಳನ್ನು ಬೇರೆ ಮಾಡಿ, ಉಳಿದಿದ್ದನ್ನು ಕಾಫಿ ಕುಡೀತಾ ಓದಿದೆ. ಕರ್ನಲ್ ಬದಲಾದಾಗೆಲ್ಲ ತಕ್ಕ ಹೆಡರ್ಸ್ ತರುವ ಮೆಟಾ ಪ್ಯಾಕೇಜ್ ಮೊದಲೇ ಹಾಕಿದೆ. ವೈಫೈ ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಹಿಂದೆ ಅಂಟಿಸಿದೆ, ಈಗಲೂ ಅಲ್ಲೇ ಇದೆ.

ಆ ಎರಡು ಫಾಂಟ್ ಮಾತ್ರ ಸಿಕ್ಕಿಲ್ಲ. ಒಂದು ದಪ್ಪ ಶೀರ್ಷಿಕೆಯ ಫಾಂಟ್, ಒತ್ತಕ್ಷರಗಳು ಸ್ವಲ್ಪ ಚೂಪಾಗಿರುತ್ತವೆ, ಹಳೆಯ ಲಗ್ನಪತ್ರಿಕೆಗಳಲ್ಲಿ ಇರುತ್ತದಲ್ಲ, ಅಂಥದ್ದು. ಯಾರ ಹತ್ತಿರವಾದರೂ ಇದ್ದರೆ ಹೇಳಿ.