ಹೊಡೆಯುವ ಗಾರ್ಡಾ, ಹಂಚುವ ಗಾರ್ಡಾ?

ಬಾಸ್ಕೆಟ್‌ಬಾಲ್‌ನಲ್ಲಿ ಬಾಲ್ ಮುಂದಕ್ಕೆ ತರುವ ಗಾರ್ಡ್ ತಾನೇ ಶಾಟ್ ಹೊಡೆಯುವವನಾಗಿರಬೇಕಾ, ಜೊತೆಗಾರರಿಗೆ ಪಾಸ್ ಹಂಚುವವನಾ? ನನ್ನ ಓಟು ಹಂಚುವ ಗಾರ್ಡ್‌ಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಂಗಳೂರು, ಉಡುಪಿ ಕಡೆಯ ಕಾಲೇಜು, ಕ್ಲಬ್ ತಂಡಗಳಲ್ಲಿ ಎರಡೂ ಬಗೆಯವರ ಕೈಗೆ ಬಾಲ್ ಕೊಟ್ಟು ನೋಡಿದ ಮೇಲಿನ ಮಾತಿದು. ಬಾಲ್ ತಂದವನ ಕಣ್ಣು ಮೊದಲು ರಿಂಗ್ ಮೇಲೆ ಬಿದ್ದರೆ ಅವನು ಹೊಡೆಯುವವ, ಜೊತೆಗಾರರ ಮೇಲೆ ಬಿದ್ದರೆ ಹಂಚುವವ. ಎತ್ತರ, ವೇಗ, ಡ್ರಿಬಲ್ ಇಬ್ಬರಿಗೂ ಬೇಕು, ಆ ಚರ್ಚೆ ಬಿಡುವ.

ಹೊಡೆಯುವ ಗಾರ್ಡ್ ಮೇಲೆ ಎಲ್ಲರ ದೂರು ಒಂದೇ: ಪಾಸ್ ಕೊಡುವುದಿಲ್ಲ. ಅಸಲು ಕಿರಿಕಿರಿ ಅದಲ್ಲ. ಅವನು ಒಳಗೆ ನುಗ್ಗಿದಾಗ ಹಿಂದೆ ಕಾಯಲು ಯಾರೂ ಉಳಿಯುವುದಿಲ್ಲ, ತಂಡ ಸೋಲುವುದು ಅಲ್ಲಿ.

ನಡೆಯುವುದು ಹೀಗೆ. ಗಾರ್ಡ್ ಮೇಲಿನಿಂದ, ಅಂದರೆ ರಿಂಗ್‌ನಿಂದ ದೂರದ ನಡುಭಾಗದಿಂದ, ಶುರು ಮಾಡಿ ತನ್ನ ಡಿಫೆಂಡರನ್ನು ದಾಟಿ ಲೇಅಪ್‌ಗೆ (ರಿಂಗ್ ಹತ್ತಿರ ಹೋಗಿ ಹಾಕುವ ಶಾಟ್) ಹೋಗುತ್ತಾನೆ, ಇಬ್ಬರ ನಡುವೆ ಸಿಕ್ಕಿ ಮಿಸ್ ಮಾಡುತ್ತಾನೆ, ರಿಂಗ್ ಹಿಂದಿನ ಬೇಸ್‌ಲೈನ್ ಆಚೆ ಹೋಗಿ ನಿಲ್ಲುತ್ತಾನೆ. ಉದ್ದದ ಇಬ್ಬರು ರೀಬೌಂಡ್‌ಗೆಂದು (ಮಿಸ್ ಆದ ಬಾಲ್ ಹಿಡಿಯಲು) ರಿಂಗ್ ಕೆಳಗೆ, ಬದಿಯಲ್ಲಿ ಆಡುವ ವಿಂಗ್‌ನ ಇಬ್ಬರು ಎರಡು ಕಾರ್ನರ್‌ನಲ್ಲಿ. ಅಂದರೆ ಐದೂ ಜನ ಫ್ರೀ ಥ್ರೋ ಗೆರೆಯಿಂದ ಕೆಳಗೆ! ಇತ್ತ ಮೇಲೆ ಏಮಾರಿದ ಡಿಫೆಂಡರ್ ಇನ್ನೂ ಥ್ರೀ ಗೆರೆಯ (ಮೂರು ಪಾಯಿಂಟ್ ಶಾಟ್‌ನ ಗೆರೆ) ಹತ್ತಿರವೇ ನಿಂತಿರುತ್ತಾನೆ. ರೀಬೌಂಡ್ ಎದುರಾಳಿಗೆ ಸಿಕ್ಕ ಕ್ಷಣಕ್ಕೆ ಅವನೇ ಎಲ್ಲರಿಗಿಂತ ಮುಂದೆ. 28 ಮೀಟರ್ ಕೋರ್ಟಿನಲ್ಲಿ ಒಂದು ಉದ್ದ ಪಾಸ್, ಮೂರು ಡ್ರಿಬಲ್, ಖಾಲಿ ಲೇಅಪ್. ನಮ್ಮ ಎರಡು ಪಾಯಿಂಟ್ ಹೋದದ್ದಲ್ಲದೆ ಅವರಿಗೆ ಎರಡು ಕೊಟ್ಟ ಹಾಗೂ ಆಯಿತು.

ಇದಕ್ಕೆ ಮದ್ದು ಇದೆ. ಗಾರ್ಡ್‌ನ ಕಾಲು ಫ್ರೀ ಥ್ರೋ ಗೆರೆ ದಾಟಿದ ಕೂಡಲೇ ಅವನು ನುಗ್ಗಿದ ದಿಕ್ಕಿನ ಎದುರು ಬದಿಯ ವಿಂಗ್ ಕಾರ್ನರ್ ಬಿಟ್ಟು ಮೇಲಕ್ಕೆ, ಥ್ರೀ ಗೆರೆಯ ನಡುವಿಗೆ ಬರಬೇಕು. ಅಭ್ಯಾಸದಲ್ಲಿ ಐದಕ್ಕೆ ಐದು ಆಡಿಸಿ, ಶಾಟ್ ಕೈಬಿಟ್ಟ ಕ್ಷಣ ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ. ಥ್ರೀ ಗೆರೆಯ ಮೇಲೆ ಕನಿಷ್ಠ ಒಬ್ಬ, ಸಾಧ್ಯವಾದರೆ ಇಬ್ಬರು ಇರಬೇಕು. ಇಲ್ಲವಾದರೆ ಬಾಲ್ ಎದುರಿನವರಿಗೆ, ತಡೆಯಿಲ್ಲದ ಒಂದು ಬಾಸ್ಕೆಟ್ ಪುಕ್ಕಟೆ. ಹತ್ತು ನಿಮಿಷದ ಡ್ರಿಲ್, ಹುಡುಗರು ಬೇಗ ಕಲಿಯುತ್ತಾರೆ.

ಬೇಗ ಮರೆಯುತ್ತಾರೆ ಕೂಡ. ಕಾರಣ ಸೋಮಾರಿತನವಲ್ಲ. ಕಾರ್ನರ್‌ನಲ್ಲಿ ಕೈ ಎತ್ತಿ ನಿಂತರೂ ಬಾಲ್ ಬರುವುದಿಲ್ಲ ಎಂದು ಗೊತ್ತಾದ ವಿಂಗ್‌ಗೆ ಬಾಲ್ ಮುಟ್ಟಲು ಉಳಿದ ದಾರಿ ಆಫೆನ್ಸಿವ್ ರೀಬೌಂಡ್ (ನಮ್ಮವರೇ ಮಿಸ್ ಮಾಡಿದ ಬಾಲ್ ಹಿಡಿಯುವುದು) ಒಂದೇ. ಅವನೂ ಒಳಗೆ ನುಗ್ಗುತ್ತಾನೆ, ಮೇಲೆ ಮತ್ತೆ ಖಾಲಿ. ಕೋಚ್ ಎಷ್ಟು ಬೊಬ್ಬೆ ಹೊಡೆದರೂ ಅಷ್ಟೆ ಮಾರಾಯ್ರೆ. ಹಂಚುವ ಗಾರ್ಡ್ ಇದ್ದರೆ ಈ ರಗಳೆ ಹುಟ್ಟುವುದೇ ಕಡಿಮೆ. ಪಾಸ್ ಕೊಟ್ಟ ಮೇಲೆ ಅವನೇ ಮೇಲೆ ಉಳಿದಿರುತ್ತಾನೆ, ಹಿಂದಿನ ಕಾವಲೂ ಅವನದೇ.

ಲೆಕ್ಕ ಚಿಕ್ಕದು. ಇಬ್ಬರ ಮೇಲಿಂದ ಎತ್ತುವ ಲೇಅಪ್ ನೂರಕ್ಕೆ 40 ಬಿದ್ದರೆ ಒಂದು ಶಾಟ್‌ಗೆ 0.8 ಪಾಯಿಂಟ್. ಖಾಲಿ ನಿಂತವನ ಥ್ರೀ ನೂರಕ್ಕೆ 33 ಬಿದ್ದರೂ ಒಂದರ ಹತ್ತಿರ. ಆದರೆ ಇದು ಒಳಾಂಗಣದ ಲೆಕ್ಕ. ಬಯಲಿನ ಸಿಮೆಂಟ್ ಕೋರ್ಟಿನಲ್ಲಿ ಸಂಜೆಯ ಕಡಲ ಗಾಳಿಗೆ 6.75 ಮೀಟರಿನಿಂದ ಬಿಟ್ಟ ಬಾಲ್ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಅಲ್ಲಿ ನುಗ್ಗುವವನಿಗೆ ಬೆಲೆ ಜಾಸ್ತಿ, ಒಪ್ಪುತ್ತೇನೆ.

ಫೌಲ್ ವಿಷಯದಲ್ಲೂ ಹೊಡೆಯುವವನೇ ಮೇಲು. ಒಂದು ಕ್ವಾರ್ಟರ್‌ನಲ್ಲಿ ಎದುರು ತಂಡದ ಐದನೇ ಫೌಲ್‌ನಿಂದ ಎರಡೆರಡು ಫ್ರೀ ಥ್ರೋ, ಐದು ವೈಯಕ್ತಿಕ ಫೌಲ್‌ಗೆ ಅವರ ಸೆಂಟರ್ ಬೆಂಚಿಗೆ. ಎರಡನ್ನೂ ಗಳಿಸಿಕೊಡುವುದು ನುಗ್ಗುವ ಕಾಲುಗಳೇ.

ಆ ಕಾಲುಗಳು ನಮ್ಮ ಸೆಕೆಯಲ್ಲಿ ನಾಲ್ಕೂ ಕ್ವಾರ್ಟರ್ ಬಾಳಬೇಕಲ್ಲ? ಏಪ್ರಿಲ್, ಮೇ ತಿಂಗಳ ಬೆವರಿಗೆ ಬಾಲೇ ಕೈಯಿಂದ ಜಾರುತ್ತದೆ. ಮೂರನೇ ಕ್ವಾರ್ಟರ್ ಮುಗಿಯುವಾಗ ಅವನ ಶಾಟ್ ರಿಂಗ್‌ನ ಮುಂಭಾಗಕ್ಕೇ ಬಡಿಯಲು ಶುರುವಾದರೆ ಕಾಲು ಸತ್ತಿದೆ ಎಂದರ್ಥ. ಕೂಡಲೇ ಹೊರಗೆ ಕರೆದು ಬೆಂಚಿನಲ್ಲಿ ಕೂರಿಸಿ.

ಹಂಚುವವನಲ್ಲಿ ಕೊರತೆಯೇ ಇಲ್ಲವೆಂದಲ್ಲ. ಶಾಟ್ ಇಲ್ಲದ ಹಂಚುವವನು ಹೊಡೆಯುವವನಿಗಿಂತ ದೊಡ್ಡ ಹೊರೆ. ಅವನ ಡಿಫೆಂಡರ್ ಸ್ಕ್ರೀನ್‌ನ (ಡಿಫೆಂಡರ್‌ಗೆ ಅಡ್ಡ ನಿಲ್ಲುವ ನಮ್ಮ ಜೊತೆಗಾರ) ಹಿಂದಿನಿಂದ ಆರಾಮವಾಗಿ ನುಸುಳಿ ರಿಂಗ್ ಕಡೆ ನಿಲ್ಲುತ್ತಾನೆ, ನಮ್ಮ ನಾಲ್ವರು ಅವರ ಐವರ ಎದುರು ಆಡಬೇಕಾಗುತ್ತದೆ. ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಜಾಗ ಕಾಯುವ 2-3 ಝೋನ್ ಎದುರು ಇನ್ನೂ ಕಷ್ಟ. ಫ್ರೀ ಥ್ರೋ ಗೆರೆಯ ಹತ್ತಿರ ಖಾಲಿ ಸಿಕ್ಕಾಗ ನಿಂತು ಹೊಡೆಯುವ ಒಂದೇ ಒಂದು ಶಾಟ್ ಅವನಿಗೆ ಬಂದರೆ ಸಾಕು, ಝೋನ್‌ನ ನಡುವಿನವನು ಮುಂದೆ ಬರಲೇಬೇಕು, ಅವನ ಬೆನ್ನ ಹಿಂದೆ ಪಾಸಿಗೆ ಜಾಗ ತೆರೆಯುತ್ತದೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ತೋರಿಸಿ ವಾದಿಸುವವರು ಪೂರ್ತಿ ತೋರಿಸಬೇಕು. 2016-17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಪಂದ್ಯಕ್ಕೆ 31.6 ಪಾಯಿಂಟ್, 10.4 ಅಸಿಸ್ಟ್ (ಬಾಸ್ಕೆಟ್ ಆಗಿಸಿದ ಪಾಸ್) ತೆಗೆದು ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ, ಆದ. ತಂಡ 47 ಗೆದ್ದು 35 ಸೋತಿತು, ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹೂಸ್ಟನ್ ಎದುರು 4-1ರಿಂದ ಮನೆಗೆ. ಸ್ಟೀವ್ ನ್ಯಾಶ್ ಸೇರಿದ ಫೀನಿಕ್ಸ್ 29 ಗೆಲುವಿನಿಂದ ಒಂದೇ ಸೀಸನ್‌ನಲ್ಲಿ 62ಕ್ಕೆ ಏರಿತು. ಅವನ ಸರಾಸರಿ 15.5 ಪಾಯಿಂಟ್ ಮಾತ್ರ, ಅಸಿಸ್ಟ್ 11.5. "ಹಾಗಾದರೆ ಸ್ಟೀಫನ್ ಕರಿ?" ಎಂದು ಕೇಳುವವರಿದ್ದಾರೆ. ಅವನ ತಂಡ ವಾರಿಯರ್ಸ್ 73 ಪಂದ್ಯ ಗೆದ್ದ 2015-16ರಲ್ಲಿ ಕರಿಯ ಪಾಯಿಂಟ್ 30.1 ನಿಜ, ಆದರೆ ಆ ತಂಡದಲ್ಲಿ ಹೆಚ್ಚು ಅಸಿಸ್ಟ್ ಡ್ರೇಮಂಡ್ ಗ್ರೀನ್‌ನದು: 7.4, ಕರಿಯದು 6.7. ಹೊಡೆಯುವ ಗಾರ್ಡ್‌ನ ಪಕ್ಕದಲ್ಲಿ ಹಂಚುವ ಇನ್ನೊಬ್ಬ ಇದ್ದ. ನಮ್ಮ ಎಷ್ಟು ತಂಡಗಳಲ್ಲಿ ಅಂಥ ಫಾರ್ವರ್ಡ್ ಇದ್ದಾನೆ?

ಇನ್ನು ಬಜೆಟ್. ಇಲ್ಲಿ ದುಡ್ಡಿಗಿಂತ ತುಟ್ಟಿ ಅಭ್ಯಾಸದ ಸಮಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನ ಕೋರ್ಟ್ ಪಾಚಿಗೆ ಬಿಟ್ಟದ್ದು, ಒಳಾಂಗಣ ಸಿಕ್ಕರೂ ಶಟಲ್‌ನವರೊಂದಿಗೆ ಹಂಚಿಕೊಂಡು ಸಂಜೆ ಒಂದು ಗಂಟೆ. ಹಂಚುವ ಗಾರ್ಡ್‌ನ ಆಟಕ್ಕೆ ಐವರಿಗೂ ಒಬ್ಬರ ಓಟ ಇನ್ನೊಬ್ಬರಿಗೆ ಬಾಯಿಪಾಠ ಆಗಬೇಕು, ಅದಕ್ಕೆ ತಿಂಗಳುಗಳು ಬೇಕು. ಹದಿನೈದು ದಿನದಲ್ಲಿ ಟೂರ್ನಿ ಇದ್ದರೆ ಹೊಡೆಯುವವನ ಕೈಗೆ ಬಾಲ್ ಕೊಟ್ಟು ಒಂದು ಸ್ಕ್ರೀನ್ ಹಾಕಿಸಿ ಆಡಿಸುವುದೇ ಅಗ್ಗ. ಮೂರು ತಿಂಗಳು ಕೈಯಲ್ಲಿದ್ದರೆ ನಾನು ಆ ದಾರಿ ಹಿಡಿಯುವುದಿಲ್ಲ.

ತಂಡದ ಒಳ್ಳೆಯ ಸ್ಕೋರರ್ ಗಾರ್ಡೇ ಆಗಿದ್ದರೆ ಅವನನ್ನು ಬೆಂಚಿನಲ್ಲಿ ಕೂರಿಸಬೇಡಿ, ಎರಡನೇ ನಂಬರಿಗೆ, ಅಂದರೆ ಬಾಲ್ ತರುವ ಹೊಣೆಯಿಲ್ಲದ ಗಾರ್ಡ್ ಜಾಗಕ್ಕೆ ಸರಿಸಿ. ಎನ್‌ಬಿಎಯ ಫಿಲಡೆಲ್ಫಿಯಾ ತಂಡದಲ್ಲಿ ಕೋಚ್ ಲ್ಯಾರಿ ಬ್ರೌನ್ ಮಾಡಿದ್ದು ಅದನ್ನೇ: ಬಾಲ್ ತರುವ ಕೆಲಸ ಎರಿಕ್ ಸ್ನೋಗೆ, ಹೊಡೆಯುವ ಕೆಲಸ ಐವರ್ಸನ್‌ಗೆ. 2001ರಲ್ಲಿ ಆ ತಂಡ ಫೈನಲ್ ತಲುಪಿತು. ನಮ್ಮಲ್ಲಾದರೆ ಹಂಚುವವನು ಎಂಟು ಸೆಕೆಂಡಿನ ಒಳಗೆ ಅರ್ಧ ಕೋರ್ಟ್ ದಾಟಿಸಿ, ಸ್ಕ್ರೀನ್ ಬಳಸಿ ಬಿಡಿಸಿಕೊಂಡು ಬರುವ ಸ್ಕೋರರ್‌ಗೆ ವಿಂಗ್‌ನಲ್ಲಿ ಬಾಲ್ ಕೊಟ್ಟು, ತಾನು ಮೇಲೆಯೇ ನಿಲ್ಲಲಿ. ಸ್ಕೋರರ್ ಎಷ್ಟು ಬೇಕಾದರೂ ನುಗ್ಗಲಿ. ಪ್ರೆಸ್ ಬಿದ್ದಾಗ, ಅಂದರೆ ನಮ್ಮ ಅರ್ಧದಲ್ಲೇ ಎದುರಿನವರು ಒತ್ತಿ ಹಿಡಿದಾಗ ಮಾತ್ರ ಇಬ್ಬರೂ ಹಿಂದೆ ಬಂದು ಬಾಲ್ ತರಬೇಕು.